ಕೂಗಿನ ಚೀಟಿಗಳು

ಅಚ್ಚಿನ ಮನೆಯಲ್ಲಿ ಅವನಿಗೆ ಗುಡುಗು ಅಂತಲೇ ಹೆಸರು. ಮೂರು ಯಂತ್ರ ಒಟ್ಟಿಗೆ ಓಡುವಾಗ ಈ ತುದಿಯಿಂದ ಆ ತುದಿಗೆ ಮಾತು ಮುಟ್ಟಬೇಕಾದರೆ ಗಂಟಲು ಬೇಕು. ಅದು ಅವನಿಗೆ ದಂಡಿಯಾಗಿತ್ತು. ಯಂತ್ರ ನಿಂತ ಮೇಲೂ ಅವನ ದನಿ ಇಳಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಕಾಗದ ತಡವಾಗಿ ಬಂದರೆ ಸಿಟ್ಟು, ಮಸಿ ತೆಳ್ಳಗಾದರೆ ಸಿಟ್ಟು, ಯಾಕಪ್ಪ ಸಿಟ್ಟು ಅಂತ ಯಾರಾದರೂ ಕೇಳಿದರೆ ಇನ್ನೂ ಸಿಟ್ಟು. ಇದರ ಬೇರು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ ಇಂಗ್ಲಿಷ್ ಪಾಠ ಓದಿಸಿದ್ದರು. ಅವನು ತಡವರಿಸಿದ್ದನ್ನು ಹಾಗೇ ಅಣಕಿಸಿ ತೋರಿಸಿ ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ್ದರು. ಮಾರನೇ ದಿನದಿಂದ ಅವನು ಸ್ಕೂಲಿನ ಬಾಗಿಲು ತುಳಿಯಲಿಲ್ಲ. ಒಂಬತ್ತು ವರ್ಷವಾಗಿತ್ತು, ಆ ಕೆಂಡದ ಮೇಲೆ ಬೂದಿ ಕೂಡ ಕೂತಿರಲಿಲ್ಲ.

ಅಚ್ಚಿನ ಮನೆಯ ಮಹಡಿಯ ಮೇಲೆ ಎರಡು ಕೋಣೆ, ಅದು ನಿಘಂಟಿನ ಕಚೇರಿ. ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಅರ್ಥ ಕೊಡುವ ದಪ್ಪ ಪುಸ್ತಕವೊಂದು ಅಲ್ಲಿ ಇಪ್ಪತ್ತಾರು ವರ್ಷದಿಂದ ತಯಾರಾಗುತ್ತಲೇ ಇತ್ತು. ಕೆಲಸ ಮಾಡುವವರು ಇಬ್ಬರೇ. ಒಬ್ಬರು ಸಂಪಾದಕಿ, ಎಪ್ಪತ್ತು ದಾಟಿದ ಹೆಂಗಸು, ಎಲ್ಲರ ಬಾಯಲ್ಲೂ ಅಮ್ಮಾವ್ರು. ಇನ್ನೊಬ್ಬರು ಕರಡು ತಿದ್ದುವವರು, ಇನ್ಯಾವುದೋ ಸ್ಕೂಲಿನಿಂದ ರಿಟೈರಾದ ಮೇಷ್ಟ್ರು. ಇಂಗ್ಲಿಷೂ ಮೇಷ್ಟ್ರೂ ಒಂದೇ ಸೂರಿನಡಿ ಇರುವ ಜಾಗಕ್ಕೆ ಕಾಲಿಡುವ ಪೈಕಿ ಅಲ್ಲ ಗುಡುಗು. ಆದರೆ ಒಂದು ಮಧ್ಯಾಹ್ನ ಮೇಲಿಂದ ಚೀಟಿ ಬಂತು: ಈಗ ಕೂಗಿದವನು ಯಾರೋ ಅವನು ಬರಬೇಕು.

ದೂರು ಅಂತಲೇ ಅವನು ಅಂದುಕೊಂಡ. ತೋಳು ಮಡಚಿಕೊಂಡು, ಮೆಟ್ಟಿಲಿಗೊಂದರ ಹಾಗೆ ಬೈಗುಳ ಜೋಡಿಸಿಕೊಂಡು ಹತ್ತಿದ. ಅಮ್ಮಾವ್ರು ಕನ್ನಡಕದ ಮೇಲಿಂದ ಅವನನ್ನು ಅಳೆದು ನೋಡಿ ಹೇಳಿದರು:

"ಕೆಳಗೆ ಕೂಗಿದೆಯಲ್ಲ, ಅದನ್ನ ಇನ್ನೊಂದು ಸಲ ಕೂಗು. ನನ್ನ ಎದುರಿಗೇ ನಿಂತ್ಕೊ."

ಜೋಡಿಸಿಕೊಂಡಿದ್ದ ಬೈಗುಳವೆಲ್ಲ ವ್ಯರ್ಥವಾಯಿತು.

ವಿಷಯ ಇಷ್ಟು. ಆ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದೊಂದು ಮಾತಿಗೆ ಒಂದೊಂದು ಚೀಟಿ. ಅದರ ಬುಡದಲ್ಲಿ ‘ಕಂಡೆ’ ಅಂತಲೋ ‘ಕೇಳಿದೆ’ ಅಂತಲೋ ಅಮ್ಮಾವ್ರು ಬರೆದು ರುಜು ಹಾಕದೆ ಅದು ಪುಸ್ತಕಕ್ಕೆ ಹೋಗುವಂತಿಲ್ಲ. ಹಿಂದಿನ ನಿಘಂಟಿನವರು ಒಬ್ಬರದನ್ನೊಬ್ಬರು ನಕಲು ಮಾಡಿ ಮಾಡಿ, ಯಾವುದೋ ನೀರುಹಕ್ಕಿಯನ್ನು ನಾಲ್ಕು ಪುಸ್ತಕದಲ್ಲೂ ಮೀನು ಅಂತ ಅಚ್ಚು ಮಾಡಿದ್ದರಂತೆ. ಆ ಹಕ್ಕಿಯ ಮೇಲೆ ಆಣೆ ಇಟ್ಟು ಮಾಡಿದ ಕಟ್ಟಳೆ ಇದು. ಹಾಗಾಗಿ ಕುಂಟು ನಡಿಗೆಯ ಮಾತಿಗೆ ಮೇಷ್ಟ್ರು ಕೋಣೆಯುದ್ದಕ್ಕೂ ಕುಂಟಿದ್ದರು. ಹಿಂಡುವ ಮಾತಿಗೆ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿ ಹಿಂಡಿದ್ದರು. ಆಕಳಿಕೆಯ ಚೀಟಿ ಬಂದ ದಿನ ಮೇಷ್ಟ್ರಿಂದ ಅಮ್ಮಾವ್ರಿಗೆ, ಅವರಿಂದ ಮತ್ತೆ ಮೇಷ್ಟ್ರಿಗೆ ಹತ್ತಿಕೊಂಡು ಅರ್ಧ ದಿನದ ಕೆಲಸವೇ ಕೆಟ್ಟಿತ್ತು.

ಪುಸ್ತಕವೆಲ್ಲ ಮುಗಿದಿತ್ತು. ಒಂದೇ ಒಂದು ಖಾನೆ ಬಾಕಿ: ಕೂಗಿನ ಮಾತು ಮತ್ತು ತಮಾಷೆಯ ಮಾತು, ಎಲ್ಲ ಸೇರಿ ಅರವತ್ತಮೂರು ಚೀಟಿ. ಕೂಗಲು ಅಲ್ಲಿ ಗಂಟಲಿರಲಿಲ್ಲ. ಮೇಷ್ಟ್ರು ಚೀರಿ ತೋರಿಸಿದ್ದು ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಕೊಂಡ ಹಾಗಿತ್ತು.

"ಒಂದು ಕಿವಿ ಹೋಗಿದೆ," ಅಂದರು ಅಮ್ಮಾವ್ರು, ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅನ್ನುವ ಹಾಗೆ. "ಇನ್ನೊಂದು ಹೊರಟಿದೆ. ಡಾಕ್ಟ್ರು ತಿಂಗಳುಗಳ ಲೆಕ್ಕ ಹೇಳ್ತಾರೆ. ಅದು ಹೋಗೋದರೊಳಗೆ ಇಷ್ಟೂ ಕೇಳಿಬಿಡಬೇಕು. ಕೇಳದೆ ಕೇಳಿದೆ ಅಂತ ಬರೆಯೋಳಲ್ಲ ನಾನು. ಆಗಲಿಲ್ಲ ಅಂದ್ರೆ ಅರವತ್ತಮೂರೂ ಪುಸ್ತಕದಿಂದ ಹೊರಗೆ."

ಗುಡುಗಿಗೆ ನಗು ಬಂತು. ಇಂಗ್ಲಿಷಿನಲ್ಲಿ ಅರವತ್ತಮೂರು ಮಾತು ಕಮ್ಮಿಯಾದರೆ ಯಾರಪ್ಪನ ಗಂಟು ಹೋಗುತ್ತೆ? ಅದನ್ನೇ ಕೇಳಿಯೂ ಬಿಟ್ಟ. ಅಮ್ಮಾವ್ರು ಬೇಜಾರು ಮಾಡಿಕೊಳ್ಳಲಿಲ್ಲ. ಖಾನೆ ಎಳೆದು ಒಂದು ಚೀಟಿ ಅವನ ಕೈಗಿಟ್ಟರು. ‘ಕ್ರೈ’. ಅದರ ಕೆಳಗೆ ಕನ್ನಡದಲ್ಲಿ ಸಣ್ಣಗೆ ಬರೆದಿತ್ತು: ಕಣ್ಣೀರಿಡುವುದು. ಬೀದಿಯಲ್ಲಿ ಮಾರುವವನ ಕೂಗು. ಬೇಟೆನಾಯಿಗಳ ಹಿಂಡಿನ ದನಿ. ನ್ಯಾಯ ಬೇಕೆಂದು ಜನ ಎಬ್ಬಿಸುವ ಹುಯಿಲು. ಹುಟ್ಟಿದ ಮಗುವಿನ ಮೊದಲ ದನಿ.

ಅವನು ಎರಡು ಸಲ ಓದಿದ. ಎಂಟನೇ ಕ್ಲಾಸಿನ ಆ ಮೇಷ್ಟ್ರು ಇದಕ್ಕೆ ಹೇಳಿಕೊಟ್ಟಿದ್ದು ಒಂದೇ ಅರ್ಥ, ಅಳು. ಒಂದು ಪುಟ್ಟ ಮಾತಿನ ಒಳಗೆ ಹೀಗೆ ಇಡೀ ಒಂದು ಊರು ಕೂತಿರಬಹುದು ಅಂತ ಅವನಿಗೆ ಯಾರು ಹೇಳಿದ್ದರು?

ತಮಾಷೆಯ ಚೀಟಿಗಳನ್ನೂ ಇದೇ ಖಾನೆಯಲ್ಲಿ ಯಾಕೆ ಇಟ್ಟಿದ್ದೀರಿ ಅಂತ ಕೇಳಿದ. ಎಷ್ಟು ಸಲ ಬೇರೆ ಮಾಡಿದರೂ ಓಡಿ ಬಂದು ಸೇರಿಕೊಳ್ಳುತ್ತವೆ ಅಂದರು ಅಮ್ಮಾವ್ರು. ‘ಸ್ಕ್ರೀಮ್’ ಅಂದರೆ ಪ್ರಾಣಭಯದ ಚೀತ್ಕಾರ. ನೋಡಿದ ತಕ್ಷಣ ನಗು ಬರಿಸುವ ಆಸಾಮಿಗೂ ಅದೇ ಮಾತು. ‘ರೋರ್’ ಸಿಂಹದ್ದೂ ಹೌದು, ಬಿದ್ದು ಬಿದ್ದು ನಗುವವರದ್ದೂ ಹೌದು. ‘ಹೂಟ್’ ಗೂಬೆಯದು, ಗಾಡಿಯ ಹಾರನ್ನಿನದು, ಭಾಷಣ ಮಾಡುವವನನ್ನು ಕೆಳಗಿಳಿಸುವ ಗದ್ದಲದ್ದು, ಜೊತೆಗೆ ಒಳ್ಳೆ ಮಜಾ ಕೊಡುವ ಸಂಗತಿಯದು. ಆಮೇಲೆ ‘ಗ್ಯಾಗ್’. ನಾಟಕದವನು ಜನರನ್ನು ನಗಿಸಲು ಬಿಡುವ ಚಟಾಕಿ. ಕೂಗದಂತೆ ಬಾಯಿಗೆ ತುರುಕುವ ಬಟ್ಟೆ.

"ನಗಿಸೋದೂ ಬಾಯಿ ಮುಚ್ಚಿಸೋದೂ ಒಂದೇ ಮಾತಾ?" ಅಂದ ಗುಡುಗು.

ಆ ನಲವತ್ತು ಜನರ ನಗು, ತನ್ನ ಬಾಯೊಳಗೆ ಒಣಗಿಹೋದ ಪಾಠ, ಎರಡಕ್ಕೂ ಸೇರಿ ಒಂದು ಮಾತು ಯಾವುದೋ ದೇಶದಲ್ಲಿ ಯಾವತ್ತೋ ಸಿದ್ಧವಾಗಿತ್ತು. ಅವನು ತೋಳಿನ ಮಡಿಕೆ ಬಿಚ್ಚಿ, ಹೇಳಿ ಏನು ಕೂಗಬೇಕು ಅಂದ.

ಅವತ್ತಿನಿಂದ ಪಾಳಿಯ ಮೇಲೆ ಸಿಗುವ ಊಟದ ಬಿಡುವಿನಲ್ಲಿ ಅವನ ಜಾಗ ಮಹಡಿ. ಮೇಷ್ಟ್ರು ಚೀಟಿ ಓದುವುದು, ಅವನು ಎದುರಿಗೆ ನಿಂತು ಕೂಗುವುದು, ಅಮ್ಮಾವ್ರು ಅವನ ಮುಖದಿಂದ ಕಣ್ಣು ಕೀಳದೆ ಕೂತು, ತಲೆಯಾಡಿಸಿ, ‘ಕೇಳಿದೆ’ ಬರೆಯುವುದು. ತನಗಿರುವುದು ಒಂದೇ ಕೂಗು ಅಂತ ಅವನು ನಂಬಿದ್ದ. ಅಲ್ಲ. ಒದರುವುದು ಬೇರೆ, ಗದರುವುದು ಬೇರೆ. ಗೆದ್ದವನ ಕೇಕೆ ಹೊಟ್ಟೆಯಿಂದ ಬರುತ್ತದೆ, ಹೆದರಿದವನ ಕಿರುಚು ಹಲ್ಲಿನ ಹಿಂದಿನಿಂದ. ಗುಟುರು, ಊಳು, ಬೊಬ್ಬೆ, ಹೂಂಕಾರ. ಮೇಷ್ಟ್ರಿಗೆ ಸಿಗದ ಕನ್ನಡ ಅವನ ಬಾಯಿಂದ ಬೀಳುತ್ತಿತ್ತು, ಅವರು ಮೂಗು ಮುರಿಯುತ್ತಲೇ ಬರೆದುಕೊಳ್ಳುತ್ತಿದ್ದರು. ಚುಡಾಯಿಸು, ಛೇಡಿಸು, ಕಿಚಾಯಿಸು ಮೂರೂ ಒಂದೇ ಅಂತ ಮೇಷ್ಟ್ರು, ಅಲ್ಲವೇ ಅಲ್ಲ ಅಂತ ಇವನು, ಮೂರು ದಿನ ಜಗಳ ನಡೆಯಿತು. ಕಡೆಗೆ ಅವನು ಮೇಷ್ಟ್ರ ಮೇಲೇ ಮೂರನ್ನೂ ಬೇರೆ ಬೇರೆಯಾಗಿ ಮಾಡಿ ತೋರಿಸಿದ. ಮೂರನೆಯದಕ್ಕೆ ಮೇಷ್ಟ್ರು ಪೆನ್ನು ಎಸೆದು, ಒಪ್ಪಿದೆ ಕಣಯ್ಯ, ಬಿಟ್ಟುಬಿಡು ಅಂದರು.

ಹೀಗೆ ಐವತ್ತೆಂಟು ಚೀಟಿ ಮುಗಿದವು. ಉಳಿದ ಐದರಲ್ಲಿ ಒಂದು ‘ಪ್ರ್ಯಾಂಕ್’. ಹೇಳುವ ತಮಾಷೆಯಲ್ಲ, ಮಾಡುವ ತಮಾಷೆ. ಒಬ್ಬರನ್ನು ಬೇಸ್ತು ಬೀಳಿಸುವ ಆಟ. ಕಟ್ಟಳೆ ಅಂದರೆ ಕಟ್ಟಳೆ, ಅದನ್ನು ಅಮ್ಮಾವ್ರ ಕಣ್ಣೆದುರಿಗೇ ಮಾಡಬೇಕಿತ್ತು. ಮುಂಚೆಯೇ ಹೇಳಿದರೆ ಅದು ಬೇಸ್ತಾಗುವುದಿಲ್ಲ. ಗುಡುಗೂ ಮೇಷ್ಟ್ರೂ ಮೆಟ್ಟಿಲ ಮೇಲೆ ಕೂತು ಪಿತೂರಿ ಮಾಡಿದರು. ‘ಹೌಲ್’ ಚೀಟಿ ಓದುವುದು. ಅವನು ಊಳಿಡುವವನ ಹಾಗೆ ಕತ್ತೆತ್ತಿ, ನರ ಉಬ್ಬಿಸಿ, ಬಾಯಿ ಮಾತ್ರ ತೆರೆಯುವುದು, ಸದ್ದು ಬಿಡಬಾರದು. ಅಮ್ಮಾವ್ರು ತಬ್ಬಿಬ್ಬಾಗಿ ಏನೋ ಇದು ಅಂದ ಕೂಡಲೇ ‘ಪ್ರ್ಯಾಂಕ್’ ಚೀಟಿ ಮುಂದೆ ಹಿಡಿಯುವುದು.

ಅವನು ಕತ್ತೆತ್ತಿದ. ಬಾಯಿ ತೆರೆದ. ಕೋಣೆಯಲ್ಲಿ ಕೆಳಗಿನ ಯಂತ್ರದ ಅದುರು ಬಿಟ್ಟರೆ ಒಂದು ಹುಲ್ಲುಕಡ್ಡಿಯ ಸದ್ದೂ ಇರಲಿಲ್ಲ.

ಅಮ್ಮಾವ್ರು ಅವನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಂಚು ಒದ್ದೆಯಾಯಿತು. ತಲೆಯಾಡಿಸಿದರು. ಎಷ್ಟು ದುಃಖ ಇದೆಯೋ ಇದರಲ್ಲಿ ಅಂದರು. ಪೆನ್ನು ತೆಗೆದು ‘ಕೇಳಿದೆ’ ಅಂತ ಬರೆದು ರುಜು ಹಾಕಿದರು.

ಮೇಷ್ಟ್ರ ಮುಖ ಸುಣ್ಣವಾಯಿತು. ಅಮ್ಮಾವ್ರು ಬಗ್ಗಿ ಖಾನೆ ಸರಿಪಡಿಸುವಾಗ ಅವರು ಗುಡುಗಿನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಸುಮ್ಮನಿದ್ದರೆ ನಾಲ್ಕು ಚೀಟಿ, ಒಂದು ವಾರ. ಇಪ್ಪತ್ತಾರು ವರ್ಷದ ಪುಸ್ತಕ ಮುಗಿಯುತ್ತದೆ, ಮುದುಕಿ ನೆಮ್ಮದಿಯಾಗಿರುತ್ತಾಳೆ. ಯಾರಿಗೆ ನಷ್ಟ? ಆದರೆ ಗುಡುಗಿಗೆ ಬಾಯಿ ಮುಚ್ಚಿಸುವ ಬೆರಳು ಕಂಡರೇ ಆಗುತ್ತಿರಲಿಲ್ಲ. ಅವನು ಅಮ್ಮಾವ್ರ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ:

"ಅಮ್ಮಾ, ನಾನು ಕೂಗಲೇ ಇಲ್ಲ."

ಅವರು ಅವನ ತುಟಿಯನ್ನೇ ನೋಡಿದರು, ರುಜು ಹಾಕಿದ ಚೀಟಿ ನೋಡಿದರು. ಆಮೇಲೆ ಕುರ್ಚಿ ತಿರುಗಿಸಿ ಅವನಿಗೆ ಬೆನ್ನು ಮಾಡಿ ಕೂತು, ಈಗ ಕೂಗು ಅಂದರು. ಅವನು ಕೂಗಿದ. ಒಂಬತ್ತು ವರ್ಷದ್ದನ್ನೆಲ್ಲ ಒಟ್ಟುಮಾಡಿ ಕೂಗಿದ. ಕಿಟಕಿಯ ಗಾಜು ನಡುಗಿತು, ಮೇಷ್ಟ್ರು ಕಿವಿ ಮುಚ್ಚಿಕೊಂಡರು, ಕೆಳಗೆ ಯಂತ್ರಗಳು ಒಂದೊಂದಾಗಿ ನಿಂತವು. ಅಮ್ಮಾವ್ರು ಗೋಡೆ ನೋಡುತ್ತಾ ಕಾಯುತ್ತಿದ್ದರು.

"ಕೂಗಿದೆಯಾ?" ಅಂದರು.

ಜಗತ್ತಿನಲ್ಲಿ ಅವನು ಎಷ್ಟು ಕೂಗಿದರೂ ಮುಟ್ಟದ ಜಾಗವೊಂದು ಮೂರು ಅಡಿ ದೂರದಲ್ಲಿ, ನರೆತ ತುರುಬು ಕಟ್ಟಿಕೊಂಡು ಕೂತಿತ್ತು.

ಅವರು ತಿರುಗಿದಾಗ ಅತ್ತಿರಲಿಲ್ಲ. ಮುಖದಲ್ಲಿ ಇದ್ದದ್ದು ಬರೀ ಬೆರಗು. ಯಾವತ್ತು ನಿಂತಿತು ಅಂತ ತನಗೇ ತಿಳಿಯಲಿಲ್ಲ ಅಂದರು. ಯಂತ್ರದ ಅದುರು ಕಾಲಿಗೆ ತಾಗುತ್ತಿತ್ತು, ಮಾತು ತುಟಿಯಲ್ಲೇ ಕಾಣುತ್ತಿತ್ತು, ಇವನ ಮುಖ ಕಣ್ಣ ಮುಂದಿತ್ತು. ನಿನ್ನ ಮುಖದಲ್ಲೇ ಅಷ್ಟು ಸದ್ದಿತ್ತು ಕಣೋ, ಕೇಳಿಸ್ತಿದೆ ಅಂತಲೇ ಅಂದುಕೊಂಡೆ ಅಂದರು. ಮೊದಲು ‘ಪ್ರ್ಯಾಂಕ್’ ಚೀಟಿ ತೆಗೆದು ‘ಕಂಡೆ’ ಅಂತ ಬರೆದು ರುಜು ಹಾಕಿದರು. ಆಮೇಲೆ ಖಾನೆಯಲ್ಲಿದ್ದ ಒಂದೊಂದೇ ಚೀಟಿಯ ‘ಕೇಳಿದೆ’ ಮೇಲೆ ಕೆಂಪು ಗೆರೆ ಎಳೆಯತೊಡಗಿದರು. ಯಾವುದು ನಿಜವಾಗಿ ಕೇಳಿದ್ದು, ಯಾವುದು ಅಲ್ಲ ಅಂತ ಗೊತ್ತಿಲ್ಲದ ಮೇಲೆ ಎಲ್ಲವೂ ಹೋಗಬೇಕು.

ಗುಡುಗಿಗೆ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿದ. ಕಿವಿ ನಿಮ್ಮದೇ ಆಗಬೇಕು ಅಂತ ಯಾವ ಶಾಸನದಲ್ಲಿದೆ ಅಂತ ಕೇಳಿದ. ಇಷ್ಟು ದೊಡ್ಡ ಜಗತ್ತಿಗೆ ಒಂದೇ ಕಿವಿಯಾ?

"ಮತ್ತೆ ಯಾರದು?" ಅಂದರು ಅಮ್ಮಾವ್ರು. "ಮೇಷ್ಟ್ರಿಗೆ ಹೆಂಡತಿ ಕರೆದರೆ ಕೇಳ್ಸಲ್ವಂತೆ, ಅವರೇ ಹೇಳ್ತಾರೆ."

ಮೇಷ್ಟ್ರು ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

"ನಂದು," ಅಂದ ಗುಡುಗು.

ಅಮ್ಮಾವ್ರು ಪೆನ್ನು ಕೆಳಗಿಟ್ಟರು. ಆಗಲಿ ಅಂದರು, ಆದರೆ ಕೂಗಿದವನೇ ಕೇಳಿದೆ ಅಂತ ಬರೆಯುವ ಹಾಗಿಲ್ಲ. ಬೇರೆಯವರ ಕೂಗು ಕೇಳಬೇಕು. ಬಾಯಿ ಮುಚ್ಚಿಕೊಂಡು ಕೇಳಬೇಕು. ರುಜುವೂ ಅವನದೇ.

ಹಾಗೆ ಗುಡುಗು ಬೀದಿಗಿಳಿದ, ಜೇಬಿನಲ್ಲಿ ಚೀಟಿಗಳ ಕಟ್ಟು. ಸಂತೆಯಲ್ಲಿ ಮಾರುವವರ ನಡುವೆ ಅರ್ಧ ದಿನ ನಿಂತ. ಏನೂ ಕೊಳ್ಳದೆ ಕಣ್ಣು ಮುಚ್ಚಿಕೊಂಡು ನಿಂತವನನ್ನು ಕಂಡು ಅವರು ಲೇವಡಿ ಮಾಡಿದರು, ಅದನ್ನೂ ಕೇಳಿ ಬರೆದುಕೊಂಡ. ಆಟದ ಮೈದಾನದಲ್ಲಿ ಸೋತವರ ಬದಿ ಕೂತ. ಸ್ಕೂಲಿನ ಕಾಂಪೌಂಡಿನ ಹೊರಗೆ ನಿಂತು, ಆಟದ ಗಂಟೆ ಹೊಡೆದಾಗ ಮಕ್ಕಳು ಎಬ್ಬಿಸುವ ಕಿಲಕಿಲ ಕೇಕೆ ಕೇಳಿದ. ಆ ಗೋಡೆಯ ಹತ್ತಿರ ಹೋಗದೆ ಎಷ್ಟು ಕಾಲವಾಗಿತ್ತು! ಎರಡು ತಿಂಗಳು ಅವನ ಬಾಯಿಗೆ ಬೀಗ. ಅಚ್ಚಿನ ಮನೆಯವರು ಅವನಿಗೆ ಮೈ ಹುಷಾರಿಲ್ಲ ಅಂತ ತಿಳಿದರು. ಬಾಯಿ ಮುಚ್ಚಿದ ಮೇಲೆ ಅವನಿಗೆ ಜಗತ್ತು ಎಷ್ಟು ಗಲಾಟೆಯದು, ಆ ಗಲಾಟೆ ಎಷ್ಟು ಬಗೆಯದು ಅಂತ ಗೊತ್ತಾಗಿ, ಕೆಲವು ಸಲ ರಸ್ತೆಯ ಮಧ್ಯೆ ಕಾಲು ನಿಂತುಬಿಡುತ್ತಿತ್ತು.

ಕಡೆಗೆ ಉಳಿದದ್ದು ‘ಕ್ರೈ’ಯ ಕೊನೆಯ ಅರ್ಥ. ಅವನ ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ವಿಷಯ ಹೇಳಿದಾಗ, ಮದುವೆ ಮಾಡ್ಕೊ ಅಂದ್ರೆ ಕೇಳಲ್ಲ, ಮಗು ಅಳೋದು ಕೇಳ್ಬೇಕಂತೆ ಅಂತ ಹಂಗಿಸಿದಳು. ಆದರೂ ಬೆಳಗ್ಗೆ ಹತ್ತಕ್ಕೆ ಕಾರಿಡಾರಿನ ಬೆಂಚಿನ ಮೇಲೆ, ಬಾಗಿಲ ಪಕ್ಕದಲ್ಲೇ ಕೂರಿಸಿದಳು. ಅಲ್ಲಿ ಕೂತಿದ್ದ ಗಂಡಸೊಬ್ಬ ಮೊದಲನೆಯದಾ ಅಂತ ಕೇಳಿದ. ಅಲ್ಲ, ನಿಘಂಟಿನಿಂದ ಬಂದಿದ್ದೀನಿ ಅಂದ ಗುಡುಗು. ಅವನು ಸ್ವಲ್ಪ ಸರಿದು ಕೂತ.

ಒಳಗೆ ತಾಯಿಯ ನರಳಿಕೆ, ಅಕ್ಕನ ಗದರಿಕೆ, ಪಾತ್ರೆಯ ಸದ್ದು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಆ ಮೌನ ಎಷ್ಟು ಉದ್ದವಿತ್ತೆಂದರೆ ಅವನು ಬೆಂಚಿನ ಅಂಚು ಹಿಡಿದುಕೊಂಡ. ಆಮೇಲೆ ಬಂತು. ಒರಟು, ಒಡಕು, ಒದ್ದೆ. ಇಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡದು. ಯಾರನ್ನೂ ಕರೆಯುತ್ತಿರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಪಕ್ಕದ ಗಂಡಸು ಎದ್ದು ಬಾಗಿಲಿಗೆ ಹಣೆ ಒತ್ತಿ ನಿಂತ. ಗುಡುಗು ಚೀಟಿಯನ್ನು ತೊಡೆಯ ಮೇಲಿಟ್ಟು, ಮೇಲೆ ಎರಡು ಸಾಲು ತುಂಬ ಏನೇನೋ ಗೀಚಿ, ಬುಡದಲ್ಲಿ ‘ಕೇಳಿದೆ’ ಅಂತ ಬರೆದು, ಸೊಟ್ಟಗೆ ರುಜು ಹಾಕಿದ.

ಅಮ್ಮಾವ್ರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದರು. ಮೇಲಿನ ಎರಡು ಸಾಲಿಗೆ ಕೆಂಪು ಗೆರೆ ಎಳೆದರು. ಇದು ಅರ್ಥ ಅಲ್ಲ, ನಿನ್ನ ಅಭಿಪ್ರಾಯ ಅಂದರು. ‘ಕೇಳಿದೆ’ಯನ್ನೂ ಅದರ ಕೆಳಗಿನ ರುಜುವನ್ನೂ ಹಾಗೇ ಬಿಟ್ಟು, ಅಚ್ಚಿಗೆ ಹೋಗುವ ಚೀಟಿಗಳ ಮೇಲೆ ಅದನ್ನು ಇಟ್ಟರು. ಅರವತ್ತಮೂರೂ ಆದವು.

ಮೇಷ್ಟ್ರು ಕಟ್ಟಿಗೆ ದಾರ ಸುತ್ತುತ್ತಿದ್ದಾಗ ಅಮ್ಮಾವ್ರು ತಮ್ಮ ಕುರ್ಚಿಯನ್ನು ಗುಡುಗಿನ ಮುಖಕ್ಕೆ ಬೆಳಕು ಬೀಳುವ ಕಡೆಗೆ ಎಳೆದುಕೊಂಡರು.

"ಪುಸ್ತಕಕ್ಕಲ್ಲ," ಅಂದರು. "ನನಗೆ ಹೇಳು. ಹೇಗಿತ್ತು?"

ಕೆಳಗೆ ಬಿಡುವು ಮುಗಿದ ಗಂಟೆ ಹೊಡೆಯಿತು, ಯಾರೋ ಅವನನ್ನು ಕೂಗಿದರು. ಅವನು ಹೋಗಲಿಲ್ಲ. ಸ್ಟೂಲು ಎಳೆದು ಕೂತು, ಒಂದೊಂದು ಮಾತನ್ನೂ ತುಟಿಯ ಮೇಲೆ ಬಿಡಿಸಿ ಇಡುತ್ತಾ, ತೀರಾ ಮೆಲ್ಲಗೆ ಹೇಳಲು ಶುರುಮಾಡಿದ.