ನಾಲ್ಕನೇ ಹಾಡಿನ ಹದ

ಅಪ್ಪ ಅಚ್ಚು ಬಿಡಿಸಿ ಕಟ್ಟುಹಲ್ಲಿನ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗುಲಾಬಿ ಒಸಡಿನ ಮೇಲೆ, ಮುಂದಿನ ಎರಡು ಹಲ್ಲುಗಳ ಹಿಂದೆ, ಕೂದಲೆಳೆಯಂಥ ಬಿರುಕು. ವಾರದಲ್ಲಿ ಇದು ಮೂರನೆಯದು.

"ಇದೂ ಹೋಯ್ತು."

"ಪುಡಿ ಹಳೇದಿರ್ಬೇಕು, ಅಪ್ಪ!" ಎದುರಿಗೆ ಕೂತು ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದ ಮಗಳು ಕೂಗಿ ಹೇಳಿದಳು. ಅರೆಯುವ ಯಂತ್ರದ ಪಕ್ಕ ಮೂವತ್ತು ವರ್ಷ ಕೂತು ಅವರ ಕಿವಿ ಮುಕ್ಕಾಲು ಮುಚ್ಚಿತ್ತು.

"ಪುಡಿ ಹೊಸದು. ಹಳೇದಾಗಿರೋನು ನಾನು. ಕಲಸಿಟ್ಟು ಕಾಯ್ತೀನಿ, ಕಾದಷ್ಟೂ ಹಾಡು ಮುಗಿಯಲ್ಲ. ತಲೆಗೇ ಹೊತ್ತು ತಿಳೀತಿಲ್ಲ ಕಣೇ. ಟೀಚರ್‌ಗೆ ಈ ಸೆಟ್ಟು ಸೋಮವಾರ ಕೊಡ್ತೀನಿ ಅಂದಿದ್ದೆ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡು, ಬೇರೆ ಕಡೆ ನೋಡ್ಕೊಳ್ಳಲಿ."

"ಕಡಲೆ ಇದ್ದೋರಿಗೆಲ್ಲ ಹಲ್ಲು ಕೊಟ್ಟೋನು ನೀನು. ಇಷ್ಟಕ್ಕೇ ಬಾಗ್ಲು ಹಾಕ್ತೀಯಾ?"

"ನಾಳೆ ಆಯಮ್ಮನ ಬಾಯೊಳಗೇ ಮುರಿದ್ರೆ?"

ಅಪ್ಪ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಒಳಕೋಣೆಗೆ ಹೋದರು. ಗಂಟೆ ಹನ್ನೊಂದೂ ಆಗಿರಲಿಲ್ಲ.

ಕೆಲಸದ ಕೋಣೆಯಲ್ಲಿ ಗಡಿಯಾರವೇ ಇರಲಿಲ್ಲ. ಇದ್ದದ್ದು ಅಮೆರಿಕದ ಒಂದು ರಾಕ್ ತಂಡದ ಐದು ಆಲ್ಬಮ್ಮುಗಳು, ಮುಳ್ಳಿಟ್ಟು ತಿರುಗಿಸುವ ಹಳೆಯ ರೆಕಾರ್ಡುಗಳು. ಮಗಳು ಹುಟ್ಟುವ ಮೊದಲೇ ಅಪ್ಪ ಗುಜರಿ ಅಂಗಡಿಯಲ್ಲಿ ಕಟ್ಟಾಗಿ ಕೊಂಡದ್ದು. ಒಂದೊಂದು ಕೆಲಸದ ಹೊತ್ತು ಅಳೆಯಲು ಒಂದೊಂದು. ಪೆಟ್ರೋಲ್ ಬಂಕಿನ ಚಿತ್ರವಿದ್ದದ್ದು ಪ್ಲಾಸ್ಟರಿಗೆ. ಹಿಮದಲ್ಲಿ ನಾಯಿ ನಿಂತದ್ದು ಪಾಲಿಶ್‌ಗೆ. ಮೂರನೆಯದರ ಎರಡನೇ ಮಗ್ಗುಲು ಒಸಡಿಗೆ: ಮೂರನೇ ಹಾಡು ಶುರುವಾದಾಗ ಪುಡಿಗೆ ದ್ರಾವಣ ಬೆರೆಸಿ ಭರಣಿ ಮುಚ್ಚಬೇಕು, ನಾಲ್ಕನೆಯದು ಮುಗಿದಾಗ ತೆಗೆಯಬೇಕು. ಆಗ ಹಿಟ್ಟು ಕೈಗೆ ಅಂಟುವುದಿಲ್ಲ, ಅಚ್ಚಿನ ಸಂದುಗೊಂದಿಗೆಲ್ಲ ಇಳಿಯುತ್ತದೆ. ತಡವಾದರೆ ರಬ್ಬರು, ಅಚ್ಚಿಗೆ ಸರಿಯಾಗಿ ಇಳಿಯದೆ ಆಮೇಲೆ ಬಿರುಕು. ಐದನೆಯ ಆಲ್ಬಮ್ಮು ತೀರಾ ನಿಧಾನ. "ಇದು ಕೆಲಸಕ್ಕೆ ಬಾರದ್ದು, ಕೂತು ಕೇಳೋದು" ಎನ್ನುತ್ತಿದ್ದರು. ಕೂತು ಕೇಳಿದ್ದನ್ನು ಅವಳು ನೋಡಿರಲಿಲ್ಲ. ಕಿವಿ ಹೋದ ಮೇಲೆ ಮೇಜಿಗೆ ಅಂಗೈ ಊರುತ್ತಿದ್ದರು. ಡ್ರಮ್ಮು ಮರದೊಳಗಿಂದ ಹತ್ತಿ ಬರುತ್ತಿತ್ತು.

ಹೋದ ವಾರ ಅವರಿಗೆ ಅರವತ್ತಾಯಿತು. ಗೀರು ಬಿದ್ದು ಮುಪ್ಪಾಗಿದ್ದ ಮೂರನೆಯದರ ಬದಲಿಗೆ ಅವಳು ಹೊಸ ಪ್ರತಿ ತರಿಸಿಕೊಟ್ಟಿದ್ದಳು. ಯಂತ್ರದ ಸದ್ದಿನಲ್ಲಿ ಅದನ್ನು ಅವಳಿನ್ನೂ ಗಮನವಿಟ್ಟು ಕೇಳಿರಲಿಲ್ಲ.

ಫೋನಿಗೆ ಕೈಹಾಕಿದವಳು ಬಿಟ್ಟಳು. ಪುಡಿಯನ್ನೇ ಪರೀಕ್ಷಿಸೋಣವೆಂದು ಒಂದು ಚಮಚ ಕಲಸಿ, ಭರಣಿ ಮುಚ್ಚಿ, ಹೊಸ ರೆಕಾರ್ಡಿನ ಮೂರನೇ ಹಾಡಿಗೆ ಮುಳ್ಳಿಟ್ಟಳು. ನಾಲ್ಕನೆಯದರಲ್ಲಿ ಗಿಟಾರು ಏರುತ್ತ ಹೋಗಿ ತುದಿ ಮುಟ್ಟುವಾಗ, ಚಿಕ್ಕಂದಿನ ರೂಢಿಯಂತೆ ರೆಕಾರ್ಡಿನ ಜೊತೆಗೇ ನಾಲಿಗೆಯಿಂದ "ಟಕ್" ಅಂದಳು.

ರೆಕಾರ್ಡು ಟಕ್ ಅನ್ನಲಿಲ್ಲ. ಹಾಡು ಹಾಗೇ ಮುಂದುವರಿದು, ಅವಳು ಎಂದೂ ಕೇಳಿರದ ಜಾಗಕ್ಕೆ ಹೊಕ್ಕಿತು. ಎಲ್ಲ ವಾದ್ಯಗಳೂ ನಿಂತು ಡ್ರಮ್ಮು ಒಂದೇ ಉಳಿಯಿತು.

ಅದು ಮುಗಿಯುವಷ್ಟರಲ್ಲಿ ಅವಳು ಕಪಾಟಿನ ಹಿಂದಿನಿಂದ ಹಳೆಯ ಪ್ರತಿ ಹುಡುಕಿ ತೆಗೆದಿದ್ದಳು. ಭರಣಿ ತೆರೆದರೆ ಹಿಟ್ಟು ರಬ್ಬರಾಗಿತ್ತು.

ಒಳಕೋಣೆಯಲ್ಲಿ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವಳು ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪ, ನಿನ್ನ ತಲೆ ನೆಟ್ಟಗಿದೆ. ಹಾಡೇ ಉದ್ದ ಆಗಿದೆ."

"ಹಾಡೇನು ಹೀರೇಕಾಯಾ, ಉದ್ದ ಆಗೋಕೆ?"

"ಹಳೇದ್ರಲ್ಲಿ ಮುಳ್ಳು ಹಾರ್ತಿತ್ತು. ಎರಡು ನಿಮಿಷ ನುಂಗಿಬಿಡ್ತಿತ್ತು. ನಾವು ಅದನ್ನೇ ಹಾಡು ಅಂದ್ಕೊಂಡಿದ್ವಿ."

ಅಪ್ಪ ಎದ್ದು ಕೂತು ಅವಳು ತಂದಿದ್ದ ಹಳೆಯ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡರು. ಉಗುರಿನಿಂದ ಗೀರನ್ನು ಹುಡುಕಿದರು. ಸಿಕ್ಕಿತು. ಉಗುರು ಅಲ್ಲೇ ಬಹಳ ಹೊತ್ತು ಇತ್ತು.

"ಫೋನ್ ಮಾಡಿದ್ಯಾ?"

"ಇಲ್ಲ."

"ಟೀಚರ್‌ಗೆ ಮಂಗಳವಾರ ಅಂತ ಹೇಳು."

ಏಪ್ರನ್ ಕಟ್ಟಿಕೊಂಡರು. ಅಳೆದು ಪುಡಿ ಸುರಿದು, ದ್ರಾವಣ ಬೆರೆಸಿ, ಭರಣಿ ಮುಚ್ಚಿದರು. ಅವಳು ಹಳೆಯ ರೆಕಾರ್ಡು ಹಿಡಿದು ಪ್ಲೇಯರಿನ ಕಡೆ ನಡೆದಳು.

"ಅದಲ್ಲ. ಹೊಸದು ಹಾಕು."

"ಹದ ಹೋಗತ್ತೆ, ಅಪ್ಪ!"

"ಹೋಗ್ಲಿ ಬಿಡು. ಪುಡಿ ಬೇಕಾದಷ್ಟಿದೆ."

ಸ್ಟೂಲು ಎಳೆದು ಕೂತರು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಅಗಲವಾಗಿ ಊರಿದರು. ನಾಲ್ಕನೇ ಹಾಡು ಏರಿ ತುದಿ ಮುಟ್ಟುವಾಗ ತಲೆಯೆತ್ತಿ ಅವಳನ್ನು ನೋಡಿದರು. ಅವಳು ಇಲ್ಲೇ ಎಂಬಂತೆ ತಲೆಯಾಡಿಸಿದಳು. ಅಪ್ಪ ಕಣ್ಣು ಮುಚ್ಚಿಕೊಂಡರು. ಅವರ ಮೊಣಕೈಯ ಪಕ್ಕದಲ್ಲಿ, ಮುಚ್ಚಿದ ಭರಣಿಯೊಳಗೆ, ಗುಲಾಬಿ ಹಿಟ್ಟು ಗಟ್ಟಿಯಾಗುತ್ತಿತ್ತು.