ಮೊಳೆಯ ಮೇಲಿನ ಸ್ಪಾನರ್

"ಮಾತಾಡಬೇಡ, ಸುಮ್ಮನೆ ಓಡಿಸ್ತಾ ಇರು," ಎಂದ ದೊಡ್ಡವನು. ತಂಗಿಯ ಪಕ್ಕದ ಸೀಟಿನಲ್ಲಿ ಕೂತು ತಲೆಯನ್ನು ಅರ್ಧ ಕಿಟಕಿಯಿಂದ ಹೊರಗೆ ಹಾಕಿದ್ದ. ತಂಗಿ ಬಾಯಿ ಮುಚ್ಚಿಕೊಂಡು ಗ್ಯಾರೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ಕಾರು ಓಡಿಸಿದಳು. ಹಿಂದಿನ ಸೀಟಿನಲ್ಲಿದ್ದ ಅವಳ ಮಗಳು, ಯಾರೂ ಹೇಳದಿದ್ದರೂ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಬಲಕ್ಕೆ ತಿರುಗಿಸು. ಈಗ ಎಡಕ್ಕೆ. ಇನ್ನೂ ಸ್ವಲ್ಪ."

ತಿರುವಿನಲ್ಲಿ ಗುಂಯ್ ಎನ್ನುವ ಸದ್ದು ಏರಿದರೆ ಬೇರಿಂಗು. ಏರಲಿಲ್ಲ. ಟಕಟಕ ಎಂದರೆ ಆಕ್ಸಲ್ಲು. ಅದೂ ಇಲ್ಲ. "ಈಗ ಬ್ರೇಕ್ ಒತ್ತು," ಎಂದ. ಮುಂದಿನ ಎಡ ಚಕ್ರ ಕೀಚಲು ದನಿಯಲ್ಲಿ ಕಿರುಚಿ, ನಿಲ್ಲುವ ಹೊತ್ತಿಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಹಾಗೆ ಗರಗರ ಎಂದಿತು. ದೊಡ್ಡವನ ಮುಖ ಸಡಿಲವಾಯಿತು. ಸದ್ದಿಗೆ ಒಂದು ಹೆಸರು ಸಿಕ್ಕಿದರೆ ಅವನ ಮಟ್ಟಿಗೆ ಅರ್ಧ ಕೆಲಸ ಮುಗಿದ ಹಾಗೆ.

"ಬ್ರೇಕ್ ಪ್ಯಾಡ್ ಸವೆದು ತಗಡಿಗೆ ಬಂದಿದೆ. ಇಷ್ಟು ದಿನ ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?"

"ನಿಮ್ಮಿಬ್ಬರ ಮಧ್ಯೆ ಇದ್ದೂ ಇದ್ದೂ ಕಿವಿ ಕೆಟ್ಟಿದೆ," ಎಂದಳು ತಂಗಿ.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಗ್ಯಾರೇಜಿನಲ್ಲಿ, ಒಂದೇ ಸೂರಿನಡಿ, ಕೆಲವೊಮ್ಮೆ ಒಂದೇ ಕಾರಿನ ಕೆಳಗೆ ಅಕ್ಕಪಕ್ಕ ಮಲಗಿ ಕೆಲಸ ಮಾಡುತ್ತಿದ್ದರು. ಮಾತು ಬಿಟ್ಟು ಬಹಳ ದಿನವಾಗಿತ್ತು. ಕಾರಣ ಕೇಳಿದರೆ ಹೊರಗಿನವರು ನಗುತ್ತಿದ್ದರು. ಅಪ್ಪ ಇದ್ದ ಕಾಲದಿಂದ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಚಕ್ರದ ನಟ್ಟುಗಳನ್ನು ಬಿಗಿದು "ಬಿಗಿ" ಎಂದು ಕೂಗಬೇಕು. ಇನ್ನೊಬ್ಬ ಎಲ್ಲಿದ್ದರೂ ಬಂದು, ಅದೇ ಸ್ಪಾನರಿನಿಂದ ಒಂದೊಂದನ್ನೂ ಒತ್ತಿ ನೋಡಿ "ಕಂಡೆ" ಎನ್ನಬೇಕು. ಆಮೇಲೆಯೇ ಗಾಡಿ ಗೇಟು ದಾಟುವುದು. ಒಂದು ದಿನ, ಗಿರಾಕಿ ಎದುರಿಗಿದ್ದಾಗ, ಸಣ್ಣವನು ಬಿಗಿದ ನಟ್ಟು ದೊಡ್ಡವನ ಕೈಯಲ್ಲಿ ಇನ್ನೂ ಕಾಲು ಸುತ್ತು ತಿರುಗಿತು. ದೊಡ್ಡವನು ನಕ್ಕು, "ಊಟ ಮಾಡಿ ಬಂದಿಲ್ವೇನೋ?" ಎಂದ. ಗಿರಾಕಿಯೂ ನಕ್ಕ. ಸಣ್ಣವನು ಸ್ಪಾನರನ್ನು ನೆಲಕ್ಕೆ ಬಿಟ್ಟು ಒಳಗೆ ಹೋದ. ಅಂದಿನಿಂದ "ಬಿಗಿ" ಇಲ್ಲ, "ಕಂಡೆ"ಯೂ ಇಲ್ಲ.

ಕೆಲಸ ನಿಲ್ಲುವ ಹಾಗಿರಲಿಲ್ಲ. ಆದ್ದರಿಂದ ಮಾತಿಲ್ಲದ ಇನ್ನೊಂದು ಪದ್ಧತಿ ತಾನಾಗಿಯೇ ಹುಟ್ಟಿಕೊಂಡಿತು. ಚಕ್ರದ ಸ್ಪಾನರ್ ಕಾರಿನ ಪಕ್ಕ ನೆಲದ ಮೇಲಿದ್ದರೆ ನಟ್ಟು ಬಿಗಿಯುವುದು ಬಾಕಿ ಇದೆ ಎಂದು ಅರ್ಥ. ಗೋಡೆಯ ಮೊಳೆಗೆ ನೇತುಹಾಕಿದ್ದರೆ ಕೆಲಸ ಮುಗಿದಿದೆ. ಈ ಒಪ್ಪಂದವನ್ನು ಅವರು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಹಟಮಾರಿಗಳಿಗೆ ಇಂಥದ್ದೆಲ್ಲ ಬೇಗ ಹೊಳೆಯುತ್ತದೆ. ಮಿಕ್ಕ ಮಾತಿಗೆಲ್ಲ, ಹುಟ್ಟಿನಲ್ಲೂ ಇಬ್ಬರ ನಡುವಿನವಳಾದ ತಂಗಿ ಇದ್ದಳು. ದಿನ ಬಿಟ್ಟು ದಿನ ಫೋನಿನಲ್ಲಿ ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಮುಟ್ಟಿಸಿ ಅವಳು ಸುಸ್ತಾಗಿದ್ದಳು.

ಕಾರು ಒಳಗೆ ಬಂದಾಗ ಸಣ್ಣವನು ಬಾಗಿಲಲ್ಲೇ ನಿಂತಿದ್ದ.

"ಮುಂದಿನ ಎರಡೂ ಕಡೆ ಪ್ಯಾಡ್ ಬದಲಾಯಿಸಬೇಕು ಅಂತ ಅವನಿಗೆ ಹೇಳು," ಎಂದ ದೊಡ್ಡವನು, ತಂಗಿಯ ಕಡೆ ನೋಡುತ್ತ.

"ಕೇಳಿಸ್ತು ಅಂತ ಹೇಳಕ್ಕ," ಎಂದ ಸಣ್ಣವನು.

"ನನ್ನ ಬಾಯೇನು ಪೋಸ್ಟ್ ಡಬ್ಬಿನಾ?" ಎಂದು ತಂಗಿ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದರು. ಅವಳಿಗೆ ನಗು ಬಂತು. ಆ ನಗುವಿನ ಹಿಂದೆಯೇ ಏನೋ ಬೇಜಾರೂ ಬಂತು.

ಸಣ್ಣವನು ಕೆಲಸದಲ್ಲಿ ಅಚ್ಚುಕಟ್ಟು. ಬಲಗಡೆ ಮುಗಿಸಿದ, ನಟ್ಟು ಬಿಗಿದ, ಅವನ್ನು ಮುಚ್ಚುವ ಕ್ಯಾಪ್ ಹಾಕಿದ. ಎಡಗಡೆ ಹೊಸ ಪ್ಯಾಡ್ ಕೂರಿಸಿ, ಚಕ್ರ ಏರಿಸಿ, ನಾಲ್ಕೂ ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ಜಾಕ್ ಇಳಿಸುವ ಹೊತ್ತಿಗೆ ಗೇಟಿನ ಬಳಿ ಯಾರೋ ಹಾರ್ನ್ ಒತ್ತತೊಡಗಿದರು. ನೀರಿನ ಟ್ಯಾಂಕರಿನವನು. ಗಾಡಿ ದಾರಿಗೆ ಅಡ್ಡ ನಿಂತಿತ್ತು, ಎಂಜಿನ್ ಆಫ್ ಆಗಿ ಮತ್ತೆ ಹತ್ತುತ್ತಿರಲಿಲ್ಲ. ಸಣ್ಣವನು ಸ್ಪಾನರನ್ನು ಚಕ್ರದ ಪಕ್ಕ ನೆಲದ ಮೇಲೆ, ಎದ್ದು ಕಾಣುವ ಹಾಗೆ ಇಟ್ಟು ಗೇಟಿನ ಕಡೆ ಓಡಿದ. ಬಿಗಿಯದೆ ಬಿಟ್ಟದ್ದನ್ನು ಅವನು ಮರೆತಿರಲಿಲ್ಲ. ಅಣ್ಣ ನೋಡುತ್ತಾನೆ, ಬಿಗಿಯುತ್ತಾನೆ. ಅಷ್ಟರ ಮಟ್ಟಿಗೆ ಅವನನ್ನು ನಂಬಿದ್ದ.

ತಂಗಿ ಮಗಳ ಕೈ ಹಿಡಿದು ಕಾರಿನ ಕಡೆ ಬಂದಳು. ಮಗು ಆ ಉದ್ದನೆಯ ಕಬ್ಬಿಣಕ್ಕೆ ಎಡವಿ ಮುಗ್ಗರಿಸಿತು.

"ಕಾಲಿಗೆ ಸಿಗೋ ಹಾಗೆ ಇಡ್ತಾರಲ್ಲ ಇವರು," ಎಂದು ಗೊಣಗಿದಳು. ಸ್ಪಾನರ್ ಎತ್ತಿದಳು. ಅದರ ಜಾಗ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಗೋಡೆಯ ಮೊಳೆಗೆ ನೇತುಹಾಕಿದಳು. ಅಲ್ಲೇ ಸ್ಟೂಲಿನ ಮೇಲಿದ್ದ ಚಕ್ರದ ಪ್ಲಾಸ್ಟಿಕ್ ಕ್ಯಾಪನ್ನೂ ತಂದು, ಅಪ್ಪ ಮಾಡುತ್ತಿದ್ದ ಹಾಗೆ ಅಂಗೈಯಿಂದ ಗುದ್ದಿ ಚಕ್ರಕ್ಕೆ ಕೂರಿಸಿದಳು. ನಾಲ್ಕು ನಟ್ಟುಗಳೂ ಮರೆಯಾದವು. ಕೈ ಒರೆಸಿಕೊಂಡು, ಮಗಳ ಮೊಣಕಾಲಿಗೆ ಅಂಟಿದ ಗ್ರೀಸನ್ನು ಸೆರಗಿನ ತುದಿಯಿಂದ ತಿಕ್ಕಿದಳು.

ದೊಡ್ಡವನು ಒಳಗಿನಿಂದ ಬಂದ. ಮೊಳೆ ನೋಡಿದ. ಕಾರಿಗೆ ಹತ್ತಿ ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ಬ್ರೇಕ್ ಒತ್ತಿ ನೋಡಿದ. ಕಿರುಚಾಟ ಹೋಗಿತ್ತು. "ಹೊರಡು, ಕತ್ತಲಾಗೋದರೊಳಗೆ ಇಳಿಜಾರು ದಾಟಿಬಿಡು," ಎಂದ. ಬೆಟ್ಟದ ಕೆಳಗಿನ ಊರಿನಲ್ಲಿ ಅವಳ ಮನೆ. ದಾರಿ ತುಂಬ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದಳು.

"ಅಣ್ಣ, ಹಳೇ ಸದ್ದು ಹೋಯ್ತು. ಈಗ ಹೊಸದೊಂದು ಬಂದಿದೆ. ದಡ್ ದಡ್ ಅಂತ. ನಿಧಾನಕ್ಕೆ ಹೋದಾಗ ಜಾಸ್ತಿ."

"ಬ್ರೇಕ್ ಒತ್ತಿದಾಗಲಾ?"

"ಒತ್ತಿದಾಗಲೂ, ಬಿಟ್ಟಾಗಲೂ."

"ಸ್ಟೇರಿಂಗ್ ಎಳೀತಾ ಇದ್ಯಾ?"

"ಅಷ್ಟೇನಿಲ್ಲ. ನಿನ್ನ ತಮ್ಮನ್ನ ಒಂದು ಮಾತು ಕೇಳು, ಅವನೇ ತಾನೇ ಕೂರಿಸಿದ್ದು."

ಸಣ್ಣವನು ಟ್ಯಾಂಕರಿನ ಬಾನೆಟ್ ಒಳಗೆ ತಲೆ ಹಾಕಿದ್ದ. ನಾಲ್ಕು ಹೆಜ್ಜೆ ಹೋದರೆ ಕೇಳಬಹುದಿತ್ತು. ದೊಡ್ಡವನು ಅತ್ತ ನೋಡಿ ಮುಖ ತಿರುಗಿಸಿದ. "ಕೇಳೋದೇನಿದೆ? ಹೊಸ ಪ್ಯಾಡು. ಹೊಸ ಚಪ್ಪಲಿ ಕಚ್ಚೋದಿಲ್ವಾ, ಹಾಗೆ. ಸ್ವಲ್ಪ ದೂರ ಹೋದ್ರೆ ಹೊಂದಿಕೊಳ್ಳತ್ತೆ."

ಹೇಳಿದ ಮೇಲೆ ಅವನಿಗೇ ಅದು ಸರಿ ಕಾಣಲಿಲ್ಲ. ಪ್ಯಾಡಿನ ಸದ್ದಾದರೆ ಬ್ರೇಕ್ ಬಿಟ್ಟಾಗ ನಿಲ್ಲಬೇಕು. ಆದರೆ ಗಿರಾಕಿಯೊಬ್ಬ ಕಾಯುತ್ತಿದ್ದ, ಕೈಯಲ್ಲಿ ಕೆಲಸವಿತ್ತು. ಕೆಲಸದ ನಡುವೆ ದಡ್ ದಡ್ ಎಂಬುದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡ. ಆಗ ಫೋನಿಗೆ ತಂಗಿಯ ದನಿಯ ಮೆಸೇಜ್ ಬಂತು: "ಅಣ್ಣ, ನೀನು ಹೇಳಿದ ಹಾಗೇ ಆಯ್ತು. ಜೋರಾಗಿ ಓಡಿಸಿದ್ರೆ ಸದ್ದೇ ಇಲ್ಲ. ಬೆಟ್ಟದ ಮೇಲೆ ನಿಲ್ಲಿಸಿದ್ದೆ, ಈಗ ಇಳೀತೀನಿ. ಫೋನ್ ತೆಗಿಯಲ್ಲ." ಹಿಂದೆ ಮಗು ಏನೋ ಹಾಡುತ್ತಿತ್ತು.

ದೊಡ್ಡವನು ಉಸಿರು ಬಿಟ್ಟ. ಅಷ್ಟರಲ್ಲಿ ಸಣ್ಣವನು ಟ್ಯಾಂಕರ್ ಕಳಿಸಿ ಒಳಗೆ ಬಂದ. ಅಕ್ಕನ ಕಾರು ನಿಂತಿದ್ದ ಜಾಗದಲ್ಲಿ ಬಗ್ಗಿ ನೆಲವನ್ನು ಹುಡುಕಿದ. ಬೆಂಚಿನ ಕೆಳಗೆ ನೋಡಿದ. "ಇಲ್ಲೇ ಇಟ್ಟಿದ್ದೆನಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ತಲೆ ಎತ್ತಿ ಮೊಳೆ ನೋಡಿ, ಓ ಅಣ್ಣ ಮುಗಿಸಿದ್ದಾನೆ ಎನ್ನುವ ಹಾಗೆ ಸ್ಪಾನರಿಗೆ ಕೈ ಚಾಚಿದ.

ದೊಡ್ಡವನು ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಕಡೆ ತಿರುಗಿದ. ಬಾಯಿ ತೆರೆದ. ಮಾತು ಬಹಳ ದಿನದಿಂದ ತೆರೆಯದ ಬಾಗಿಲಿನ ಹಾಗೆ ತಡೆದು ಬಂತು.

"ನೀನು ಬಿಗಿದು ಮೊಳೆಗೆ ಹಾಕಿದ್ದಲ್ವಾ?"

ಸಣ್ಣವನು ಅಭ್ಯಾಸಬಲದಿಂದ ಅಕ್ಕ ಎಲ್ಲಿ ಎಂದು ಪಕ್ಕಕ್ಕೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ನಿನ್ನನ್ನೇ ಕೇಳಿದ್ದು ಕಣೋ. ಎಡಗಡೆ ಬಿಗಿದ್ಯಾ?"

"ನಾನು ನೆಲದ ಮೇಲೆ ಇಟ್ಟು ಹೋದೆ," ಎಂದ ಸಣ್ಣವನು. "ನೀನು..."

ದೊಡ್ಡವನು ಫೋನ್ ಮಾಡಿದ. ರಿಂಗಾಗುತ್ತಲೇ ಇತ್ತು. ಓಡಿಸುವಾಗ ಆಕಾಶವೇ ಬಿದ್ದರೂ ಫೋನ್ ಮುಟ್ಟಬೇಡ ಎಂದು ಅವಳಿಗೆ ಕಾರು ಕಲಿಸುವಾಗ ಹೇಳಿಕೊಟ್ಟವನೇ ಅವನು. ಅವಳು ಹೇಳಿದ ಮಾತು ಕೇಳುವವಳು.

ಸಣ್ಣವನು ಬೈಕ್ ಓಡಿಸಿದ. ದೊಡ್ಡವನು ಹಿಂದೆ ಕೂತು, ಸ್ಪಾನರನ್ನು ತೊಡೆಗಳ ನಡುವೆ ಇಟ್ಟುಕೊಂಡು, ಮತ್ತೆ ಮತ್ತೆ ಫೋನ್ ಮಾಡಿದ. ಬಂಕ್ ದಾಟಿತು. ಬೆಟ್ಟದ ನೆತ್ತಿ ಬಂತು. ಅಲ್ಲಿಂದ ಕೆಳಗೆ ಬಿಸಿಲು ಬಂಡೆಗಳ ಹಿಂದೆ ಸರಿದು ರಸ್ತೆಯೆಲ್ಲ ನೆರಳಾಗಿತ್ತು. ಪ್ರತಿ ತಿರುವಿನಲ್ಲೂ ಸಣ್ಣವನು ವೇಗ ತಗ್ಗಿಸಿ ಕಣಿವೆಯ ಕಡೆಯ ಕಟ್ಟೆಯನ್ನು ನೋಡುತ್ತಿದ್ದ. ಕಟ್ಟೆ ಇಡಿಯಾಗಿದ್ದರೆ ಮತ್ತೆ ವೇಗ ಏರಿಸುತ್ತಿದ್ದ. ಅವನು ಏನು ನೋಡುತ್ತಿದ್ದಾನೆ ಎಂದು ದೊಡ್ಡವನಿಗೆ ತಿಳಿಯಿತು. ತಾನೂ ನೋಡತೊಡಗಿದ.

ಒಂದು ತಿರುವಿನಲ್ಲಿ ದೊಡ್ಡವನು ತಮ್ಮನ ಭುಜ ಹಿಡಿದ. "ನಿಲ್ಸು."

ರಸ್ತೆಯಂಚಿನ ಹುಲ್ಲಿನಲ್ಲಿ ಚಕ್ರದ ಪ್ಲಾಸ್ಟಿಕ್ ಕ್ಯಾಪ್ ಬಿದ್ದಿತ್ತು. ಅದರ ಒಳಮೈ ಪೂರ್ತಿ ನಟ್ಟು ಬಡಿದ ಗಾಯಗಳು. ದೊಡ್ಡವನು ಅದನ್ನು ಎತ್ತಿ, ಎಲ್ಲಿಡುವುದೆಂದು ತಿಳಿಯದೆ, ಎದೆಗೆ ಅವುಚಿಕೊಂಡು ಮತ್ತೆ ಬೈಕ್ ಹತ್ತಿದ. ಅಷ್ಟು ದೊಡ್ಡ ಮನುಷ್ಯ ಅಳುತ್ತಿದ್ದ. ಮುಂದೆ ಕೂತವನಿಗೆ ಅದು ಬೆನ್ನಿಗೆ ಗೊತ್ತಾಗುತ್ತಿತ್ತು.

ಇನ್ನೆರಡು ತಿರುವು ಕಳೆದ ಮೇಲೆ ಕಾರು ಕಂಡಿತು. ಕಟ್ಟೆಗೆ ಮೂತಿ ತಾಗಿಸಿಕೊಂಡು ಓರೆಯಾಗಿ ನಿಂತಿತ್ತು. ಎಡ ಚಕ್ರ ಕಾಲು ಉಳುಕಿದವನ ಪಾದದ ಹಾಗೆ ಹೊರಕ್ಕೆ ವಾಲಿತ್ತು. ತಂಗಿ ಬಂಡೆಯ ಬದಿಯಲ್ಲಿ ಮಗಳನ್ನು ತಬ್ಬಿಕೊಂಡು ಕೂತಿದ್ದಳು. ಇಬ್ಬರಿಗೂ ಏನೂ ಆಗಿರಲಿಲ್ಲ.

"ಚಕ್ರ ಕುಣೀತಿತ್ತು, ಮಾವ," ಎಂದಿತು ಮಗು.

ಸಣ್ಣವನು ಚಕ್ರದ ಮುಂದೆ ಮಂಡಿಯೂರಿದ. ನಾಲ್ಕರಲ್ಲಿ ಒಂದೇ ನಟ್ಟು ಉಳಿದಿತ್ತು, ಅದೂ ಕೊನೆಯ ಸುತ್ತಿನಲ್ಲಿ. ಅದನ್ನು ಬೆರಳಿನಿಂದ ಮುಟ್ಟಿದ. ಮುಟ್ಟಿದ ಮಾತ್ರಕ್ಕೇ ಅದು ಅವನ ಅಂಗೈಗೆ ಬಂತು.

"ಸ್ಪಾನರ್ ನೆಲದ ಮೇಲೆ ಇತ್ತು," ಎಂದ ದೊಡ್ಡವನು ತಂಗಿಗೆ. "ಆಮೇಲೆ ಮೊಳೇಲಿ ಇತ್ತು. ಹೇಗೆ ಅಂತ..."

"ನಾನೇ ಎತ್ತಿ ಹಾಕಿದೆ. ಇವಳ ಕಾಲಿಗೆ ಸಿಕ್ತು." ಅವಳು ಇಬ್ಬರ ಮುಖ ನೋಡಿದಳು. "ಯಾಕೆ? ಎತ್ತಿಡಬಾರದಿತ್ತಾ?"

ಸಣ್ಣವನು ತಲೆ ಬಗ್ಗಿಸಿಕೊಂಡೇ ಹೇಳಿದ. ನೆಲದ ಮೇಲಿದ್ದರೆ ಏನು, ಮೊಳೆಯಲ್ಲಿದ್ದರೆ ಏನು ಎಂದು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೇಳುತ್ತ ಕೇಳುತ್ತ ಅವಳ ಕೈ ಮಗಳ ಕೂದಲಿನಲ್ಲಿ ನಿಂತುಹೋಯಿತು.

"ಇಷ್ಟು ದಿನ ನಿಮ್ಮಿಬ್ಬರ ಮಾತೆಲ್ಲ ನಾನೇ ಹೊತ್ತೆ," ಎಂದಳು. "ಉಪ್ಪು ಜಾಸ್ತಿ ಆಯ್ತು ಅನ್ನೋದನ್ನೂ ಹೊತ್ತೆ. ಇದೊಂದನ್ನ ಯಾಕೆ ಹೇಳಲಿಲ್ಲ ನನಗೆ?"

ಅವಳ ದನಿ ಏರಲಿಲ್ಲ. ಏರಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು.

ಸಣ್ಣವನು ಮಿಕ್ಕ ಮೂರು ಚಕ್ರಗಳಿಂದ ಒಂದೊಂದು ನಟ್ಟು ಬಿಚ್ಚಿ ತಂದ. ದೊಡ್ಡವನು ಜಾಕ್ ಏರಿಸಿ, ಚಕ್ರವನ್ನು ನೇರ ಹಿಡಿದ. ರಿಮ್ಮಿನ ತೂತುಗಳು ಅಗಲವಾಗಿದ್ದವು, ಬೋಲ್ಟಿನ ಸುರುಳಿಗೆರೆಗಳು ಸವೆದಿದ್ದವು. ಸಣ್ಣವನು ನಾಲ್ಕನ್ನೂ ಮೈಯ ಭಾರವನ್ನೆಲ್ಲ ಹಾಕಿ ಬಿಗಿದ. ಸ್ಪಾನರ್ ಕೈಯಲ್ಲೇ ಇಟ್ಟುಕೊಂಡು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಬಿಗಿ."

ದೊಡ್ಡವನು ಸ್ಪಾನರ್ ಇಸಿದುಕೊಂಡು ಒಂದೊಂದನ್ನೂ ಒತ್ತಿ ನೋಡಿದ. ಒಂದೂ ಕದಲಲಿಲ್ಲ. ಮತ್ತೊಮ್ಮೆ ನೋಡಿದ. ಸಣ್ಣವನು ಬೇಡ ಎನ್ನಲಿಲ್ಲ.

"ಕಂಡೆ," ಎಂದ ದೊಡ್ಡವನು.

ತಂಗಿ ಎದ್ದು ಸೀರೆ ಕೊಡವಿಕೊಂಡಳು. ಸಣ್ಣವನು ಕಾರಿನ ಹಿಂಬಾಗಿಲು ತೆರೆದು ಹಿಡಿದ. ಅವಳು ಬಾಗಿಲು ನೋಡಿದಳು, ಚಕ್ರ ನೋಡಿದಳು, ಮಗಳ ಕೈ ಹಿಡಿದುಕೊಂಡಳು.

"ನಾವು ನಡೀತೀವಿ," ಎಂದಳು.

"ಅಕ್ಕ, ಈಗ ಸರಿ ಇದೆ. ನಾನು ಬಿಗಿದಿದ್ದೀನಿ, ಅಣ್ಣ ನೋಡಿದ್ದಾನೆ."

"ಗೊತ್ತು. ಕೇಳಿಸ್ತು."

ಅವಳು ಇಳಿಜಾರಿನಲ್ಲಿ ಮುಂದೆ ಹೊರಟಳು. ಬೈಕನ್ನು ಅಲ್ಲೇ ಬಂಡೆಗೆ ಒರಗಿಸಿ ಇಬ್ಬರೂ ಕಾರು ಹತ್ತಿದರು. ಸಣ್ಣವನು ಸ್ಟೇರಿಂಗ್ ಹಿಡಿದ. ಕಾರನ್ನು ಅವಳ ಹಿಂದೆ ನಡಿಗೆಯ ವೇಗದಲ್ಲೇ ಬಿಟ್ಟ. ಎರಡೂ ಕಿಟಕಿಗಳನ್ನು ಇಳಿಸಿ ಇಬ್ಬರೂ ಒಂದೊಂದು ಕಡೆಯಿಂದ ತಲೆ ಹೊರಗೆ ಹಾಕಿ ಕಿವಿಗೊಟ್ಟರು. ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ. ಮಗು ಮಾತ್ರ ನಡೆಯುತ್ತಲೇ ತಿರುಗಿ ಅವರನ್ನು ನೋಡಿತು, ಮತ್ತೆ, ಯಾರೂ ಹೇಳದಿದ್ದರೂ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿತು.