ಲಿಫ್ಟಮ್ಮ ಆರಿಸಿಕೊಂಡ ದಾರಿ

ಇಪ್ಪತ್ತಾರು ವರ್ಷ ಊರಿನ ಅರ್ಧದಷ್ಟು ಲಿಫ್ಟುಗಳನ್ನು ನೋಡಿಕೊಂಡ ಹೆಂಗಸಿಗೆ ಒಂದು ಬೆಳಿಗ್ಗೆ ಮಾಡಲು ಕೆಲಸವೇ ಇಲ್ಲದೆ ಹೋಯಿತು. ತಂದೆ ಬಿಟ್ಟುಹೋದ ಪುಟ್ಟ ಲಿಫ್ಟ್ ರಿಪೇರಿ ಕಂಪನಿಯನ್ನು ಅವಳು ಬೆವರು ಸುರಿಸಿ ಬೆಳೆಸಿದ್ದಳು. ದೊಡ್ಡ ಕಂಪನಿಯೊಂದು ಬಂದು ಒಳ್ಳೆಯ ಬೆಲೆಗೆ ಅದನ್ನು ಕೊಂಡುಕೊಂಡಿತು. ಕರಾರಿನ ಹನ್ನೊಂದನೆಯ ಪುಟದಲ್ಲಿ ಒಂದು ಸಾಲಿತ್ತು: ಮುಂದಿನ ಐದು ವರ್ಷ ಈ ದೇಶದಲ್ಲಿ ಎಲ್ಲಿಯೂ ಅವಳು ಲಿಫ್ಟಿನ ಕೆಲಸ ಮಾಡಕೂಡದು. ಸಹಿ ಹಾಕುವಾಗ ನಕ್ಕಿದ್ದಳು. "ಐದು ವರ್ಷ ಕಾಲು ಚಾಚಿ ಮಲಗ್ತೀನಿ" ಅಂದಿದ್ದಳು. ಐದನೆಯ ದಿನಕ್ಕೇ ಕಾಲು ಚಾಚಿ ಸಾಕಾಯಿತು.

ಬೀದಿಯವರಿಗೆಲ್ಲ ಅವಳು ಲಿಫ್ಟಮ್ಮ. ಆ ಹೆಸರು ಬಿಡಲಿಲ್ಲ, ಕೆಲಸ ಮಾತ್ರ ಬಿಟ್ಟಿತ್ತು. ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟಳು. ಅತ್ತೆಯ ಹೊಲಿಗೆ ಯಂತ್ರವನ್ನು ಬಿಚ್ಚಿ ಜೋಡಿಸಿದಳು. ಅದು ಸರಿಯಾಗಿಯೇ ಇದ್ದುದರಿಂದ ಬೇಜಾರಾಗಿ ಇನ್ನೊಮ್ಮೆ ಬಿಚ್ಚಿದಳು. ಏನೂ ಕೊಳ್ಳುವುದಿಲ್ಲದಿದ್ದರೂ ದೊಡ್ಡ ಅಂಗಡಿಗಳಿಗೆ ಹೋಗಿ ಲಿಫ್ಟಿನಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿ, ಗೋಡೆಗೆ ಕಿವಿಯಿಟ್ಟು ಸದ್ದು ಕೇಳಿ ಬರುತ್ತಿದ್ದಳು. ಒಮ್ಮೆ ಕಾವಲಿನವನು ತಡೆದು, "ಏನಮ್ಮಾ, ಏನಾದ್ರೂ ಕಳಕೊಂಡ್ರಾ?" ಎಂದು ಕೇಳಿದ. ಅವಳಿಗೆ ಹೌದು ಅನ್ನಬೇಕೆನಿಸಿತು.

ಮನೆಯಲ್ಲಿ ಇನ್ನಿಬ್ಬರು. ಗಂಡ ಶಾಲೆಯಲ್ಲಿ ಭೂಗೋಳದ ಪಾಠ ಹೇಳಿ ಆಗತಾನೇ ನಿವೃತ್ತರಾದ ಮೇಷ್ಟ್ರು. ಯಾವ ನದಿ ಎಲ್ಲಿ ಹುಟ್ಟುತ್ತದೆಂದು ನಿದ್ದೆಯಲ್ಲೂ ಹೇಳುವರು, ಆದರೆ ದೇಶದ ಗಡಿ ದಾಟಿದವರಲ್ಲ. ಇನ್ನೊಬ್ಬರು ಅತ್ತೆ, ಎಪ್ಪತ್ತನಾಲ್ಕರ ಗಟ್ಟಿ ಮುದುಕಿ. ಅತ್ತೆಯ ತಂಗಿ ನಲವತ್ತು ವರ್ಷದ ಹಿಂದೆ ಮದುವೆಯಾಗಿ ಕಡಲಾಚೆಯ ದೇಶಕ್ಕೆ ಹೋದವಳು, ಈಗ ಗಂಡನಿಲ್ಲದೆ ಒಬ್ಬಳೇ ಇದ್ದಳು. ಲಿಫ್ಟಮ್ಮನಿಗೆ ಅವಳು ಚಿಕ್ಕತ್ತೆ.

ಒಂದು ದಿನ ಊಟದ ಮೇಜಿನ ಮುಂದೆ ಅತ್ತೆ ತೀರ್ಪು ಕೊಟ್ಟರು.

"ನೋಡಿ, ಇವಳ ಕೈಗೆ ಕೆಲಸ ಇಲ್ಲ. ಇವನಿಗೆ ಶಾಲೆ ಇಲ್ಲ. ನನಗೆ ಹತ್ರ ತಂಗಿ ಇಲ್ಲ. ದುಡ್ಡು ಬ್ಯಾಂಕಲ್ಲಿ ಗೊರಕೆ ಹೊಡೀತಿದೆ. ಎಲ್ಲರೂ ಸೇರಿ ಅವಳಿರೋ ದೇಶಕ್ಕೇ ಹೋಗಿಬಿಡೋಣ."

"ಅಮ್ಮಾ, ಅದೇನು ಪಕ್ಕದ ಬೀದೀನಾ?" ಎಂದರು ಮೇಷ್ಟ್ರು.

"ದುಡ್ಡು ಹಾಕಿದೋರಿಗೆ ಅಲ್ಲಿ ಕಾಯಂ ಇರೋಕೆ ಬಿಡ್ತಾರಂತೆ. ತಂಗಿ ಹೇಳಿದ್ಲು. ಭೂಗೋಳದ ಮೇಷ್ಟ್ರು ನೀನು, ಇಷ್ಟೂ ಗೊತ್ತಿಲ್ವಾ?"

ಮೇಷ್ಟ್ರಿಗೆ ಇದು ನಾಟಿತು. ಮೂರು ದಿನ ಕೂತು ಓದಿ, ದೊಡ್ಡ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಮೊದಲನೆಯ ದಾರಿ ಸರ್ಕಾರಿ ನಿಧಿ: ಐದು ವರ್ಷ ಹಣ ಅಲ್ಲಿ ಇಡಬೇಕು, ಕಾಯಂ ವಾಸದ ಕಾರ್ಡು ಆರಂಭದಲ್ಲೇ ಸಿಗುತ್ತದೆ. ಎರಡನೆಯದು ಮನೆ ಕೊಳ್ಳುವುದು. ಮೂರನೆಯದು ವ್ಯಾಪಾರ: ಅಲ್ಲಿ ಒಂದು ಉದ್ಯಮ ನಡೆಸಿ ಅಲ್ಲಿಯ ಐವರಿಗಾದರೂ ಕೆಲಸ ಕೊಡಬೇಕು, ಮೊದಲು ಎರಡು ವರ್ಷದ ಪರವಾನಗಿ, ಅದು ಸರಿಯಾಗಿ ನಡೆದರೆ ಮಾತ್ರ ಕಾಯಂ ಕಾರ್ಡು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಇಂಥದ್ದಕ್ಕೆಲ್ಲ ಸಲಹೆ ಕೊಡುವ ಕಚೇರಿಯೊಂದು ಪೇಟೆಯಲ್ಲಿತ್ತು. ಮೂವರೂ ಹೋದರು. ನಾಲ್ಕನೆಯ ಮಹಡಿ. ಲಿಫ್ಟಿನಿಂದ ಇಳಿಯುವಾಗ ಲಿಫ್ಟಮ್ಮ, "ಬಾಗಿಲಿನ ಉರುಳೆ ಸವೆದಿದೆ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಒಳಗಿದ್ದ ಸಲಹೆಗಾರನ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ನಿಧಿಯ ಬಗ್ಗೆ ಒಂದು ವಾಕ್ಯ, ವ್ಯಾಪಾರದ ಬಗ್ಗೆ ಅರ್ಧ ವಾಕ್ಯ ಹೇಳಿ, ಹೊಳೆಯುವ ದಪ್ಪ ಪುಸ್ತಕವೊಂದನ್ನು ಮೇಷ್ಟ್ರ ಮುಂದೆ ಬಿಚ್ಚಿಟ್ಟ. ಕಡಲತಡಿಯಲ್ಲಿ ಒಂಬತ್ತು ಮಹಡಿಯ ಕಟ್ಟಡ.

"ಎಂಟನೇ ಮಹಡಿ ನಿಮಗೇ ಅಂತ ಹಿಡಿದಿಟ್ಟಿದೀನಿ ಸಾರ್. ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಕಡಲು. ಸೋಮವಾರ ಮುಂಗಡ ಕಟ್ಟಿ ಸಹಿ ಹಾಕಿದ್ರೆ ಮುಗೀತು, ಕಾರ್ಡು ತಾನಾಗೇ ಬರತ್ತೆ."

"ಕಟ್ಟಿ ಆಗಿದೆಯಾ?" ಎಂದು ಲಿಫ್ಟಮ್ಮ ಕೇಳಿದಳು.

"ಆಗ್ತಾ ಇದೆ ಮೇಡಂ. ಏಳು ಮಹಡಿ ಎದ್ದಾಯ್ತು."

ಮೇಷ್ಟ್ರು ಆ ಪುಟದಿಂದ ಕಣ್ಣು ಕೀಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕಡಲನ್ನು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವರು. ದಾರಿಯುದ್ದಕ್ಕೂ ಉಬ್ಬರ, ಇಳಿತ, ಗಾಳಿಯ ದಿಕ್ಕು ಎಂದೆಲ್ಲ ಹೇಳುತ್ತ ಬಂದರು. ಕುರ್ಚಿಯನ್ನು ಯಾವ ಮೂಲೆಗೆ ಹಾಕುವುದೆಂದು ಕೂಡ ಗೊತ್ತುಮಾಡಿದ್ದರು. ಅತ್ತೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ" ಅಂದರೂ ಕಿವಿಗೆ ಬೀಳಲಿಲ್ಲ.

ಲಿಫ್ಟಮ್ಮನಿಗೆ ಗಂಡನ ಆಸೆಗೆ ಕಲ್ಲು ಹಾಕುವ ಮನಸ್ಸಿರಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ? ಶನಿವಾರ ಮಧ್ಯಾಹ್ನ ಪುಸ್ತಕದ ಹಿಂದಿನ ಚೀಲದಿಂದ ಕಟ್ಟಡದ ನಕ್ಷೆಗಳನ್ನು ತೆಗೆದಳು. ಮಹಡಿಗೊಂದು ತೆಳು ಹಾಳೆ. ಅವುಗಳ ಅಂಚು ಸೇರಿಸಿ, ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಹಿಡಿದು ಬೆಳಕಿನಲ್ಲಿ ನೋಡಿದಳು. ಹಾಗೇ ನಿಂತುಬಿಟ್ಟಳು.

"ರೀ, ಇಲ್ಲಿ ಬನ್ನಿ ಸ್ವಲ್ಪ."

ಮೇಷ್ಟ್ರು ಬಂದರು.

"ಲಿಫ್ಟು ಅಂದ್ರೆ ಬಾವಿ ಇದ್ದ ಹಾಗೆ. ಮೇಲಿಂದ ಕೆಳಗೆ ನೆಟ್ಟಗೆ ಇಳೀಬೇಕು. ಇದು ನೋಡಿ. ಎಂಟನೇ ಮಹಡೀಲಿ ಈ ಮೂಲೇಲಿದೆ. ಐದಕ್ಕೆ ಬರೋಹೊತ್ತಿಗೆ ಆ ಮೂಲೆಗೆ ಹೋಗಿದೆ. ಮೂರನೇ ಮಹಡೀಲಿ ಯಾರದೋ ಅಡುಗೆಮನೆ ಒಳಗೆ ನುಗ್ಗಿದೆ. ನೆಲಮಹಡೀಲಿ ಇಲ್ಲವೇ ಇಲ್ಲ!"

"ಬರೆಯೋರು ತಪ್ಪಿರಬಹುದು ಕಣೇ."

"ಒಂದು ಹಾಳೇಲಿ ತಪ್ಪಬಹುದು. ಇವು ಮೂರು ಬೇರೆ ಬೇರೆ ಕಟ್ಟಡದ ನಕ್ಷೆ ರೀ. ಯಾವನೋ ಕತ್ತರಿಸಿ ಅಂಟಿಸಿದಾನೆ. ಕಟ್ಟೋ ಉದ್ದೇಶ ಇರೋನು ಹೀಗೆ ಮಾಡಲ್ಲ."

ಅಲ್ಲೇ ಫೋನು ಮಾಡಿ ಕೇಳಿದರೆ ಸಲಹೆಗಾರ ನಕ್ಕ. "ಲಿಫ್ಟು ಸಣ್ಣ ವಿಷಯ ಮೇಡಂ. ನೀವು ಕಡಲು ನೋಡಿ."

ಅತ್ತೆ ತಡಮಾಡಲಿಲ್ಲ. ತಂಗಿಗೆ ಫೋನು ಹಚ್ಚಿ, "ಲೇ, ನಿಮ್ಮೂರಿನ ಕಡಲಿನ ಹತ್ರ ಒಂಬತ್ತು ಮಹಡಿ ಕಟ್ಟಡ ಏಳ್ತಿದೆಯಂತೆ. ವಿಳಾಸ ಬರ್ಕೋ. ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಎಂದರು.

ಭಾನುವಾರ ಬೆಳಿಗ್ಗೆಯಿಂದ ಮೂವರೂ ಫೋನಿನ ಮುಂದೆ ಕೂತರು. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡಕ್ಕೆ ಚಿಕ್ಕತ್ತೆಯ ಮುಖ ಪರದೆಯ ಮೇಲೆ ಮೂಡಿತು, ಕೆಂಪಗಾಗಿ, ಏದುಸಿರು ಬಿಡುತ್ತ.

"ನೋಡ್ಕೊಂಡ್ ಬಂದೆ ಅಕ್ಕಾ. ಏಳು ಮಹಡಿ ಹಾಗಿರಲಿ, ಏಳು ಇಟ್ಟಿಗೆ ಇಲ್ಲ. ಹಳೇ ದೋಣಿಗಳನ್ನ ಬೋರಲು ಹಾಕಿದಾರೆ. ಒಬ್ಬ ಕೂತು ಬಣ್ಣ ಬಳೀತಿದ್ದ. ಕಟ್ಟಡ ಎಲ್ಲಪ್ಪಾ ಅಂದ್ರೆ, ಹೀಗೆ ಕೇಳ್ಕೊಂಡು ಬಂದೋರಲ್ಲಿ ನೀವು ನಾಲ್ಕನೆಯವರು ಅಂದ." ಸ್ವಲ್ಪ ಉಸಿರು ತೆಗೆದುಕೊಂಡು, "ಕಡಲು ಮಾತ್ರ ಇದೆ. ಅದು ಸುಳ್ಳಲ್ಲ" ಎಂದಳು.

ಮೇಷ್ಟ್ರ ಮುಖ ಸಣ್ಣದಾಯಿತು. "ನಾಳೆ ಸಹಿ ಹಾಕ್ತಿದ್ದೆನಲ್ಲೇ" ಎಂದು ಕನ್ನಡಕ ತೆಗೆದು ಒರೆಸತೊಡಗಿದರು.

"ಹಾಕಲಿಲ್ಲವಲ್ಲ, ಬಿಡಿ" ಎಂದಳು ಲಿಫ್ಟಮ್ಮ. ಗಂಡನ ಕೈ ಒತ್ತಿ, "ನಕ್ಷೆ ನೋಡೋದು ನನ್ನ ಹೊಟ್ಟೆಪಾಡು. ಕಡಲು ನೋಡೋ ಆಸೆ ತಪ್ಪಾ?" ಎಂದಳು. ಆಮೇಲೆ ಪರದೆಯ ಕಡೆ ತಿರುಗಿ, "ಚಿಕ್ಕತ್ತೆ, ಯಾಕೆ ಇಷ್ಟು ಏದುಸಿರು?"

"ಆರು ಮಹಡಿ ಹತ್ತಿ ಬಂದೆ ಕಣಮ್ಮ. ನಮ್ಮ ಲಿಫ್ಟು ಕೆಟ್ಟು ಹದಿನೆಂಟು ದಿನ. ಇಡೀ ಊರಿಗೆ ಒಂದೇ ರಿಪೇರಿ ಕಂಪನಿ. ಯಜಮಾನನಿಗೇ ಎಪ್ಪತ್ತೊಂದು. ಇವತ್ತು ಬಂದು ಕೆಳಗೆ ಕುಟ್ತಾ ಇದಾನೆ, ಏನಾಗಿದೆ ಅಂತ ಅವನಿಗೂ ತಿಳೀತಿಲ್ಲ."

ಲಿಫ್ಟಮ್ಮ ಕುರ್ಚಿಯ ತುದಿಗೆ ಬಂದಳು. "ಫೋನು ಅಲ್ಲಿಗೆ ತಗೊಂಡು ಹೋಗ್ತೀರಾ?"

"ಮತ್ತೆ ಆರು ಮಹಡಿ ಇಳೀಬೇಕಲ್ಲೇ!" ಎಂದು ಬೈಯುತ್ತಲೇ ಚಿಕ್ಕತ್ತೆ ಇಳಿದಳು.

ಪರದೆಯಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಕಂಡ. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ. ಚಿಕ್ಕತ್ತೆ ನಡುವೆ ನಿಂತು ಅತ್ತ ಇತ್ತ ದಾಟಿಸುತ್ತಿದ್ದಳು. ಲಿಫ್ಟಮ್ಮ, "ಒಂದು ಮಹಡಿ ಮೇಲೆ ಕಳಿಸೋಕೆ ಹೇಳಿ, ಎಲ್ಲರೂ ಸುಮ್ಮನಿರಿ" ಎಂದು ಕಣ್ಣು ಮುಚ್ಚಿದಳು. ಗಿರ್ರೆಂದಿತು, ಎರಡು ಸಲ ಟಕ್ ಟಕ್ ಎಂದಿತು, ನಿಂತಿತು.

"ಮೋಟಾರಲ್ಲಿ ಏನೂ ಇಲ್ಲ. ಬ್ರೇಕು ಪೂರ್ತಿ ಬಿಡ್ತಿಲ್ಲ. ಅಲ್ಲಿರೋ ಸ್ಪ್ರಿಂಗು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ನೋಡೋಕೆ ಹೇಳಿ."

ಮುದುಕ ಮೇಲಿನ ಯಂತ್ರದ ಕೋಣೆಗೆ ಹೋದ. ಅರ್ಧ ಗಂಟೆ ಯಾರೂ ಏಳಲಿಲ್ಲ. ಆಮೇಲೆ ಚಿಕ್ಕತ್ತೆಯ ಕಿರುಚಾಟ ಕೇಳಿತು: "ಓಡ್ತಿದೆ! ಓಡ್ತಿದೆ ಕಣೇ!" ಮುದುಕ ಎಣ್ಣೆಗೈಯನ್ನು ಪರದೆಯ ಮುಂದೆ ಆಡಿಸುತ್ತ ಬಡಬಡನೆ ಏನೋ ಹೇಳಿದ. ಚಿಕ್ಕತ್ತೆ ನಕ್ಕು ದಾಟಿಸಿದಳು: "ನೀನು ಯಾರು, ಎಲ್ಲಿದ್ದೆ ಇಷ್ಟು ದಿನ ಅಂತ ಕೇಳ್ತಿದಾನೆ. ಇನ್ನೆರಡು ತಿಂಗಳಿಗೆ ಬಾಗಿಲು ಹಾಕ್ತಾನಂತೆ. ಐದು ಜನ ಕೆಲಸದವರಿದಾರೆ, ನೋಡ್ಕೊಳ್ಳೋರು ಯಾರೂ ಸಿಗಲಿಲ್ಲವಂತೆ."

ಫೋನಿಟ್ಟ ಮೇಲೆ ಲಿಫ್ಟಮ್ಮ ಗೋಡೆಯ ಕಡೆ ತಿರುಗಿದಳು. ಗೋಡೆಯ ಮೇಲಿನ ಹಾಳೆಯಲ್ಲಿ ಮೂರನೆಯ ದಾರಿ ಹಸಿರು ಬಣ್ಣದಲ್ಲಿತ್ತು. ಲಿಫ್ಟಮ್ಮ ಅದನ್ನು ನೋಡಿದಳು, ನಂತರ ಕೆಂಪು ಬಣ್ಣದ ಮೊದಲನೆಯದನ್ನು ನೋಡಿದಳು. ಆಸೆಯ ಹಿಂದೆಯೇ ಭಯವೂ ಎದ್ದಿತು. ನಿಧಿಗೆ ಹಣ ಹಾಕಿದರೆ ಕಾರ್ಡು ಖಂಡಿತ, ಆದರೆ ಮುದುಕನ ಕಂಪನಿ ಕೊಳ್ಳಲು ಏನೂ ಉಳಿಯದು. ವ್ಯಾಪಾರ ಎರಡು ವರ್ಷದಲ್ಲಿ ಮುಗ್ಗರಿಸಿದರೆ ಎಪ್ಪತ್ತಾರರ ಅತ್ತೆಯನ್ನು ತಂಗಿಯ ಪಕ್ಕದಿಂದ ಎಬ್ಬಿಸಿಕೊಂಡು ವಾಪಸ್ಸು ಬರಬೇಕು.

"ನಿಧಿಗೇ ಹಾಕೋಣ" ಎಂದಳು ಕಡೆಗೆ. "ನನ್ನ ಚಪಲಕ್ಕೆ ನಿಮ್ಮಿಬ್ಬರನ್ನ ಯಾಕೆ ಗಾಳಿಗೆ ಒಡ್ಡಲಿ?"

ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. "ಇವತ್ತು ಆ ಸದ್ದು ಕೇಳೋವಾಗ ನಿನ್ನ ಮುಖ ನೋಡಿದೆ. ಆರು ತಿಂಗಳಿಂದ ಈ ಮನೇಲಿ ಆ ಮುಖ ಕಂಡಿರಲಿಲ್ಲ. ನಾನು ಕಡಲು ನೋಡಿ ಮೋಸ ಹೋಗ್ತಿದ್ದೆ, ನೀನು ಭಯ ನೋಡಿ ಮೋಸ ಹೋಗಬೇಡ."

"ಅತ್ತೇ, ನೀವು ಹೇಳಿ."

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲಲ್ಲ" ಎಂದರು ಅತ್ತೆ. "ನೀನು ಇನ್ನೈದು ವರ್ಷ ಮನೇಲಿ ಕೂತ್ರೆ ನನ್ನ ಹೊಲಿಗೆ ಯಂತ್ರ ಉಳಿಯಲ್ಲ. ಎರಡು ವರ್ಷ ತಂಗಿ ಜೊತೆ ಇದ್ದು ವಾಪಸ್ ಬಂದ್ರೂ ಎರಡು ವರ್ಷ ಇದ್ದಂಗಾಯ್ತಲ್ಲ? ಹಸಿರಿಗೆ ಗುರುತು ಹಾಕು."

ಮೇಷ್ಟ್ರು ಹಸಿರು ದಾರಿಗೆ ದೊಡ್ಡದೊಂದು ಸುತ್ತು ಹಾಕಿದರು.

ಈ ಸಲ ಕಣ್ಣು ಮುಚ್ಚಿ ನಂಬಲಿಲ್ಲ. ಅಲ್ಲಿಯ ವಕೀಲರೊಬ್ಬರಿಂದ ಮುದುಕನ ಕಂಪನಿಯ ಕಾಗದಪತ್ರ ಪರೀಕ್ಷೆ ಮಾಡಿಸಿದರು. ಅರ್ಜಿಗೆ ಒಪ್ಪಿಗೆ ಬರುವವರೆಗೆ ಬಾಗಿಲು ಹಾಕದೆ ಕಾಯಲು ಮುದುಕ ಒಪ್ಪಿದ. ಹೊಸ ಕರಾರಿನ ಪ್ರತಿ ಪುಟವನ್ನೂ, ಹನ್ನೊಂದನೆಯದನ್ನು ಎರಡು ಸಲ, ಲಿಫ್ಟಮ್ಮ ತಾನೇ ಓದಿದಳು. ಅರ್ಜಿಯ ಜೊತೆ ವ್ಯಾಪಾರದ ಯೋಜನೆ ಬರೆದುಕೊಡಬೇಕಿತ್ತು. ಅದನ್ನು ಮೇಷ್ಟ್ರು ವಹಿಸಿಕೊಂಡರು.

ಸಂದರ್ಶನದ ದಿನ ರಾಯಭಾರ ಕಚೇರಿಯ ಅಧಿಕಾರಿಣಿ ಆ ಕಂತೆಯನ್ನು ಕೈಯಲ್ಲಿ ತೂಗಿ ನೋಡಿದಳು. "ನಲವತ್ತನಾಲ್ಕು ಪುಟ. ಮೊದಲ ಒಂಬತ್ತು ಪುಟ ನಮ್ಮ ದೇಶದ ಮಳೆಯ ಬಗ್ಗೆ ಇದೆಯಲ್ಲ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕಡಲಿನ ಉಪ್ಪುಗಾಳಿಗೆ ಲಿಫ್ಟಿನ ಹಗ್ಗ ಬೇಗ ತುಕ್ಕು ಹಿಡಿಯುತ್ತೆ ಮೇಡಂ. ಮಳೆ, ಗಾಳಿ ಗೊತ್ತಿದ್ರೆ ಯಾವ ಬೀದಿಯ ಲಿಫ್ಟು ಯಾವಾಗ ನೋಡಬೇಕು ಅಂತ ಗೊತ್ತಾಗುತ್ತೆ."

ಲಿಫ್ಟಮ್ಮ ಬೆರಗಾಗಿ ಗಂಡನನ್ನು ನೋಡಿದಳು. ಹಗ್ಗ ಎಂದರೆ ಉಕ್ಕಿನ ಹಗ್ಗ. ಆ ಮಾತು ಅಕ್ಷರಶಃ ನಿಜ, ಅವಳು ಯಾವತ್ತೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

"ಹೆಚ್ಚಿನವರು ನಿಧಿಗೆ ಹಣ ಹಾಕಿ ನಿಶ್ಚಿಂತರಾಗ್ತಾರೆ. ನೀವು ಯಾಕೆ ಕಷ್ಟದ ದಾರಿ ಹಿಡಿದ್ರಿ?" ಎಂದು ಅಧಿಕಾರಿಣಿ ಕೇಳಿದಳು.

ಲಿಫ್ಟಮ್ಮ ಉತ್ತರವನ್ನು ಉರುಹೊಡೆದು ಬಂದಿದ್ದಳು. ಅದೆಲ್ಲ ಮರೆತೇಹೋಯಿತು. "ನಿಶ್ಚಿಂತೆಯಾಗಿ ಇದ್ದು ನೋಡಿದೆ ಮೇಡಂ. ನನಗೆ ಒಗ್ಗಲಿಲ್ಲ" ಎಂದಳು.

ಅಧಿಕಾರಿಣಿ ನಕ್ಕು ಏನೋ ಬರೆದುಕೊಂಡಳು. ಏಳನೆಯ ವಾರಕ್ಕೆ ಒಪ್ಪಿಗೆ ಬಂತು.

ಹೋದ ಮೇಲೆ ಎಲ್ಲವೂ ಹೂವಿನ ಹಾಸಿಗೆಯಾಗಲಿಲ್ಲ. ಮೊದಲ ಚಳಿಗಾಲದಲ್ಲಿ ಕೆಲಸದವನೊಬ್ಬ ಬಿಟ್ಟುಹೋಗಿ ಐವರು ನಾಲ್ವರಾದರು. ಹೊಸಬನನ್ನು ಹುಡುಕಲು ಐದು ವಾರ ಹಿಡಿಯಿತು. ಆ ಐದು ವಾರ ಲಿಫ್ಟಮ್ಮ ಉಗುರು ಕಚ್ಚಿದಳು. ಭಾಷೆ ಗೊತ್ತಿಲ್ಲದೆ ಸ್ಪ್ಯಾನರ್ ಕೇಳಿದರೆ ಏಣಿ ಬಂತು. ಆದರೆ ಲಿಫ್ಟುಗಳ ಸದ್ದು ಎಲ್ಲ ದೇಶದಲ್ಲೂ ಒಂದೇ. ಬಾಗಿಲು ಹಾಕಬೇಕೆಂದಿದ್ದ ಮುದುಕ ವಾರಕ್ಕೆರಡು ದಿನ ಸುಮ್ಮನೆ ಬಂದು ಕೂರುತ್ತೇನೆಂದು ಹೇಳಿ, ದಿನವೂ ಬರತೊಡಗಿದ. ಮೇಷ್ಟ್ರು ಊರಿನ ನಕಾಶೆಯ ಮೇಲೆ ಎಲ್ಲ ಲಿಫ್ಟುಗಳನ್ನೂ ಗುರುತು ಮಾಡಿ, ಯಾರು ಯಾವ ಬೀದಿಯಿಂದ ಹೋದರೆ ಹತ್ತಿರವೆಂದು ಬೆಳಿಗ್ಗೆ ಬೆಳಿಗ್ಗೆ ಕೆಲಸದವರಿಗೆ ಪಾಠ ಹೇಳುತ್ತಿದ್ದರು. ಹದಿನೆಂಟು ದಿನ ಕಾಯುತ್ತಿದ್ದ ಊರಿನಲ್ಲಿ ಮೆಕ್ಯಾನಿಕ್ಕು ಮಾರನೆಯ ದಿನವೇ ಬರುವಂತಾಯಿತು.

ಎರಡು ವರ್ಷ ತುಂಬಿದಾಗ ಸರ್ಕಾರದಿಂದ ಒಬ್ಬ ತಲೆ ಎಣಿಸಲು ಬಂದ. ಎಂಟು ಮಂದಿ ಇದ್ದರು. ಮುದುಕನನ್ನೂ ಸೇರಿಸಿ ಒಂಬತ್ತು ಎಂದು ಬರೆದುಕೊಂಡು, ಆಮೇಲೆ ಅವನಿಗೆ ಸಂಬಳವೇ ಇಲ್ಲವೆಂದು ಗೊತ್ತಾಗಿ ಹೊಡೆದುಹಾಕಿದ. ತಿಂಗಳೊಳಗೆ ಮೂರು ಕಾಯಂ ಕಾರ್ಡುಗಳು ಅಂಚೆಯಲ್ಲಿ ಬಂದವು. ಅತ್ತೆ ತಮ್ಮದನ್ನು ದೂರ ಹಿಡಿದು ನೋಡಿ, ಫೋಟೋದಲ್ಲಿ ತಾನು ತಂಗಿಗಿಂತ ಚಿಕ್ಕವಳಂತೆ ಕಾಣುತ್ತೇನೆಂದು ಘೋಷಿಸಿದರು. ಚಿಕ್ಕತ್ತೆ ಒಪ್ಪಲಿಲ್ಲ. ಇಬ್ಬರೂ ತೀರ್ಪಿಗಾಗಿ ಲಿಫ್ಟಮ್ಮನನ್ನು ಕೂಗಿದರು. ಅವಳು ಆಗಲೇ ಕೆಲಸದ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿದ್ದಳು. ಆಸ್ಪತ್ರೆಯ ಎರಡನೆಯ ಲಿಫ್ಟು ಬೆಳಿಗ್ಗೆಯಿಂದ ಕಿರ್ರೆನ್ನುತ್ತಿತ್ತು.